ಫಂಕ್ಷನಲ್ ಮೆಡಿಸಿನ್ ಖರ್ಚು: ಇನ್ಶೂರೆನ್ಸ್‌ನಿಂದ ಎಷ್ಟು, ಕೈಯಿಂದ ಎಷ್ಟು?

ಅಮೆರಿಕದಲ್ಲಿ ಫಂಕ್ಷನಲ್ ಮೆಡಿಸಿನ್ ಎಂಬ ಚಿಕಿತ್ಸಾ ಪದ್ಧತಿಯ ಡಾಕ್ಟರ ಹತ್ತಿರ ಹೋಗಬೇಕು ಎಂದುಕೊಂಡವರು ಮೊದಲು ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡುತ್ತಾರೆ. "ಫಂಕ್ಷನಲ್ ಮೆಡಿಸಿನ್‌ಗೆ ಕವರೇಜ್ ಇದೆಯಾ?" ಎಂದು ಕೇಳುತ್ತಾರೆ. ಹೀಗೆ ಕೇಳಿದರೆ ಸಾಮಾನ್ಯವಾಗಿ "ಇಲ್ಲ" ಎಂಬ ಉತ್ತರವೇ ಬರುತ್ತದೆ. ಅಲ್ಲಿಗೇ ಬಿಟ್ಟುಬಿಡಬೇಡಿ. ಇನ್ಶೂರೆನ್ಸ್‌ನವರು ಚಿಕಿತ್ಸೆಯ ಹೆಸರು ನೋಡಿ ದುಡ್ಡು ಕೊಡುವುದಿಲ್ಲ, ಬಿಲ್ಲಿನ ಒಂದೊಂದು ಸಾಲನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ನೋಡಿದವರು ಯಾರು, ಯಾವ ಕಾಯಿಲೆಗೆ, ಏನು ಮಾಡಿದರು, ಅವರು ನೆಟ್‌ವರ್ಕ್‌ನಲ್ಲಿ, ಅಂದರೆ ಕಂಪನಿಯ ಜೊತೆ ಒಪ್ಪಂದ ಇರುವವರ ಪಟ್ಟಿಯಲ್ಲಿ, ಇದ್ದಾರಾ? ಹಾಗಾಗಿ ನೀವೂ ಖರ್ಚನ್ನು ಸಾಲುಸಾಲಾಗಿ ಬಿಡಿಸಿ ನೋಡಬೇಕು.

ಮೊದಲು ಡಾಕ್ಟರ ಲೈಸೆನ್ಸ್ ನೋಡಿ

ಕಾಯಿಲೆಯ ಮೂಲ ಕಾರಣ ಹುಡುಕಿ, ಆಹಾರ, ನಿದ್ದೆ, ಒತ್ತಡ ಎಲ್ಲವನ್ನೂ ಸೇರಿಸಿ ಚಿಕಿತ್ಸೆ ಕೊಡುತ್ತೇವೆ ಎನ್ನುವುದು ಈ ಪದ್ಧತಿಯವರ ಮಾತು. ಇದರ ತರಬೇತಿ ಕೊಡುವ ಇನ್‌ಸ್ಟಿಟ್ಯೂಟ್ ಫಾರ್ ಫಂಕ್ಷನಲ್ ಮೆಡಿಸಿನ್ ಶುರುವಾದದ್ದು 1991ರಲ್ಲಿ. ಕ್ಲೀವ್‌ಲ್ಯಾಂಡ್ ಕ್ಲಿನಿಕ್ 2014ರಲ್ಲಿ ಇದಕ್ಕೆಂದೇ ಒಂದು ಕೇಂದ್ರ ತೆರೆಯಿತು. ಆದರೂ ಅಮೆರಿಕನ್ ಬೋರ್ಡ್ ಆಫ್ ಮೆಡಿಕಲ್ ಸ್ಪೆಷಾಲಿಟೀಸ್ ಇದನ್ನು ಪ್ರತ್ಯೇಕ ತಜ್ಞ ವಿಭಾಗ ಎಂದು ಒಪ್ಪಿಲ್ಲ. ಎಂ.ಡಿ. ಮಾಡಿದವರೂ ಈ ಹೆಸರಿನ ನಾಮಫಲಕ ಹಾಕಿಕೊಳ್ಳಬಹುದು, ಕೈರೋಪ್ರಾಕ್ಟರ್‌ಗಳೂ (ಬೆನ್ನುಮೂಳೆಯ ಚಿಕಿತ್ಸೆ ಮಾಡುವವರು) ಹಾಕಿಕೊಳ್ಳಬಹುದು, ಹೆಲ್ತ್ ಕೋಚ್‌ಗಳೂ ಹಾಕಿಕೊಳ್ಳಬಹುದು. ಹೆಲ್ತ್ ಕೋಚ್ ಕೊಟ್ಟ ಬಿಲ್‌ಗೆ ಇನ್ಶೂರೆನ್ಸ್‌ನಿಂದ ದುಡ್ಡು ಬರುವುದು ಬಹಳ ಅಪರೂಪ. ಎಂ.ಡಿ., ಡಿ.ಒ. (ಆಸ್ಟಿಯೋಪಥಿ ಪದವಿ ಪಡೆದ ಡಾಕ್ಟರು), ನರ್ಸ್ ಪ್ರಾಕ್ಟೀಷನರ್ ಆಗಿದ್ದರೆ ದಾರಿ ಇದೆ.

ಆಮೇಲೆ ನಿಮ್ಮ ಇನ್ಶೂರೆನ್ಸ್ ಪ್ಲಾನ್ ಯಾವ ಬಗೆಯದು ನೋಡಿ. ಎಚ್‌ಎಂಒ ಅಥವಾ ಇಪಿಒ ಆಗಿದ್ದರೆ ತುರ್ತು ಚಿಕಿತ್ಸೆ ಬಿಟ್ಟು ನೆಟ್‌ವರ್ಕ್‌ನ ಹೊರಗೆ ಹೋದದ್ದಕ್ಕೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಪಿಪಿಒ ಇದ್ದರೆ ಸ್ವಲ್ಪ ಸಿಗಬಹುದು. ಊರಿನಿಂದ ಬಂದ ಅಪ್ಪ ಅಮ್ಮನ ವಿಸಿಟರ್ ಇನ್ಶೂರೆನ್ಸ್ ಇದಕ್ಕೆ ಉಪಯೋಗಕ್ಕೆ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಹಳೆಯ ಕಾಯಿಲೆಯ ಮಾಮೂಲಿ ಚಿಕಿತ್ಸೆಯನ್ನು ಅಂಥ ಪಾಲಿಸಿಗಳು ಹೆಚ್ಚಾಗಿ ಹೊರಗಿಡುತ್ತವೆ. ಮೆಡಿಕೇರ್ (ಸರ್ಕಾರದ ಇನ್ಶೂರೆನ್ಸ್) ಇರುವ ಹಿರಿಯರು ಇನ್ನೊಂದು ವಿಷಯ ಕೇಳಿಕೊಳ್ಳಲೇಬೇಕು: ಡಾಕ್ಟರು ಮೆಡಿಕೇರ್‌ನಿಂದ ಹೊರಗೆ ಬಂದಿದ್ದಾರಾ? ಬಂದಿದ್ದರೆ ನಿಮ್ಮಿಂದ ಒಂದು ಖಾಸಗಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಡಾಕ್ಟರ ಫೀಸಿಗೆ ಅವರೂ ಮೆಡಿಕೇರ್‌ಗೆ ಕ್ಲೇಮ್ ಹಾಕುವಂತಿಲ್ಲ, ನೀವೂ ಹಾಕುವಂತಿಲ್ಲ.

ಫೋನ್‌ನಲ್ಲಿ ಕೇಳಬೇಕಾದ್ದು

ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡುವ ಮುಂಚೆ ಕ್ಲಿನಿಕ್‌ನಿಂದ ಮೂರು ವಿವರ ತೆಗೆದುಕೊಳ್ಳಿ: ಡಾಕ್ಟರ ಎನ್‌ಪಿಐ ನಂಬರ್ (ಅವರ ಗುರುತಿನ ಸಂಖ್ಯೆ), ಅವರು ಬಳಸುವ ಸಿಪಿಟಿ ಕೋಡ್ (ಏನು ಮಾಡಿದರು ಎಂದು ಬಿಲ್ಲಿನಲ್ಲಿ ತೋರಿಸುವ ಸಂಖ್ಯೆ), ಅದಕ್ಕೆ ಎಷ್ಟು ಫೀಸು. ಹೊಸ ರೋಗಿಯ ದೊಡ್ಡ ಭೇಟಿಗೆ 99204 ಅಥವಾ 99205 ಇರಬಹುದು. ಮತ್ತೆ ಹೋದಾಗ 99213, 99214. ಈಗ ಇನ್ಶೂರೆನ್ಸ್‌ನವರನ್ನು ಹೀಗೆ ಕೇಳಿ: "ನೆಟ್‌ವರ್ಕ್‌ನ ಹೊರಗಿನ ಡಾಕ್ಟರು 99205 ಹಾಕಿದರೆ ನೀವು ಒಪ್ಪುವ ಮೊತ್ತ ಎಷ್ಟು? ನನ್ನ ಡಿಡಕ್ಟಿಬಲ್‌ನಲ್ಲಿ ಇನ್ನೆಷ್ಟು ಬಾಕಿ ಇದೆ? ಆಮೇಲೆ ನೀವು ಶೇಕಡಾ ಎಷ್ಟು ಕೊಡುತ್ತೀರಿ?" ಡಿಡಕ್ಟಿಬಲ್ ಅಂದರೆ ಕಂಪನಿ ದುಡ್ಡು ಕೊಡಲು ಶುರು ಮಾಡುವ ಮುಂಚೆ ವರ್ಷಕ್ಕೆ ನೀವು ಕೈಯಿಂದ ಕೊಡಬೇಕಾದ ಮೊತ್ತ.

ಮೊದಲನೇ ಪ್ರಶ್ನೆಯನ್ನು ಎಷ್ಟೋ ಜನ ಕೇಳುವುದೇ ಇಲ್ಲ. ದೊಡ್ಡ ಪೆಟ್ಟು ಬೀಳುವುದು ಅಲ್ಲೇ. ಭೇಟಿಗೆ ಡಾಕ್ಟರು 600 ಡಾಲರ್ ತೆಗೆದುಕೊಂಡರು ಎಂದುಕೊಳ್ಳಿ. ಕಂಪನಿ ಒಪ್ಪುವ ಮೊತ್ತ 220. ಡಿಡಕ್ಟಿಬಲ್ 2000, ಅದು ಮುಗಿದ ಮೇಲೆ ಶೇಕಡಾ 60 ಕೊಡುತ್ತಾರೆ. ವರ್ಷದ ಮೊದಲ ಭೇಟಿಯಲ್ಲಿ ನಿಮ್ಮ ಕೈಗೆ ಬರುವುದು ಸೊನ್ನೆ. ಡಿಡಕ್ಟಿಬಲ್‌ಗೆ ಸೇರುವುದೂ 220 ಮಾತ್ರ, 600 ಅಲ್ಲ. ಡಿಡಕ್ಟಿಬಲ್ ಪೂರ್ತಿ ಮುಗಿದಿದ್ದರೂ ಸಿಗುವುದು 132 ಡಾಲರ್, ಉಳಿದ 468 ನಿಮ್ಮದೇ. "ಶೇಕಡಾ 60 ಕವರ್ ಆಗುತ್ತೆ" ಎಂಬ ಮಾತನ್ನಷ್ಟೇ ನಂಬಿದವರು 360 ಬರುತ್ತದೆ ಎಂದು ಕಾಯುತ್ತಾ ಕೂರುತ್ತಾರೆ. ಫೋನಿನಲ್ಲಿ ಮಾತಾಡಿದವರ ಹೆಸರು, ದಿನಾಂಕ, ಕರೆಯ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ.

ಕ್ಲಿನಿಕ್‌ನಿಂದ ಖರ್ಚಿನ ಅಂದಾಜನ್ನು ಬರಹದಲ್ಲೇ ಪಡೆಯಿರಿ. ಇನ್ಶೂರೆನ್ಸ್ ಇಲ್ಲದವರಿಗೆ ಅಥವಾ ಇದ್ದರೂ ಬಳಸದೆ ಕೈಯಿಂದ ಕೊಡುವವರಿಗೆ ಇದು ಹಕ್ಕು. 2022ರ ಜನವರಿಯಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆಕ್ಟ್ ಇದನ್ನು ಕೊಟ್ಟಿದೆ. ಬಿಲ್ ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಬಿಲ್ಲಿನ ದಿನದಿಂದ 120 ದಿನದೊಳಗೆ ತಕರಾರು ಹಾಕಬಹುದು.

ರಕ್ತ ಪರೀಕ್ಷೆಯಲ್ಲಿ ಉಳಿತಾಯ ಮಾಡಿ

ಹಣ ಉಳಿಸುವ ದೊಡ್ಡ ಅವಕಾಶ ಇರುವುದು ಇಲ್ಲಿ. ಡಾಕ್ಟರು ಬರೆಯುವ ಪರೀಕ್ಷೆಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಥೈರಾಯ್ಡ್, ಎಚ್‌ಬಿಎ1ಸಿ (ಸಕ್ಕರೆಯ ಸರಾಸರಿ), ಕೊಲೆಸ್ಟರಾಲ್, ಬಿ12, ಕಬ್ಬಿಣದ ಅಂಶ ಇವೆಲ್ಲ ಮಾಮೂಲಿ ಪರೀಕ್ಷೆಗಳು. ಕಾಯಿಲೆಯ ಸರಿಯಾದ ಕೋಡ್ ಜೊತೆ, ನಿಮ್ಮ ನೆಟ್‌ವರ್ಕ್‌ನ ಲ್ಯಾಬ್‌ನಲ್ಲಿ ಮಾಡಿಸಿದರೆ ಇವುಗಳಿಗೆ ಇನ್ಶೂರೆನ್ಸ್ ಸಿಗುವ ಸಾಧ್ಯತೆ ಚೆನ್ನಾಗಿದೆ. ಡಾಕ್ಟರು ನೆಟ್‌ವರ್ಕ್‌ನ ಹೊರಗಿದ್ದರೂ ಲ್ಯಾಬ್ ಒಳಗಿರಬಹುದು ಅಲ್ವಾ? ಹಾಗಾಗಿ ಕ್ಲಿನಿಕ್‌ನಲ್ಲೇ ರಕ್ತ ಕೊಡದೆ ಚೀಟಿ ಬರೆಸಿಕೊಂಡು ಹೊರಗೆ ಹೋಗಿ. ಇಲ್ಲದಿದ್ದರೆ ನಿಮ್ಮ ಮಾಮೂಲಿ ಫ್ಯಾಮಿಲಿ ಡಾಕ್ಟರಿಗೆ ಪಟ್ಟಿ ತೋರಿಸಿ, ಅವರಿಗೆ ಸರಿ ಅನಿಸಿದವನ್ನು ಅವರ ಕೈಯಲ್ಲೇ ಬರೆಸಿ.

ಎರಡನೇ ಗುಂಪಿನಲ್ಲಿ ವಿಶೇಷ ಕಿಟ್‌ಗಳು ಬರುತ್ತವೆ. ಮಲದ ಮೈಕ್ರೋಬಯೋಮ್ (ಕರುಳಿನ ಸೂಕ್ಷ್ಮಜೀವಿಗಳ) ಪರೀಕ್ಷೆ, ಆಹಾರ ಹಿಡಿಸುತ್ತದೋ ಇಲ್ಲವೋ ಎಂದು ನೋಡುವ ಐಜಿಜಿ (ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ಪರೀಕ್ಷೆ ಇಂಥವು. ಇವನ್ನು ಕಂಪನಿಗಳು ಹೆಚ್ಚಾಗಿ "ಇನ್ನೂ ಪ್ರಯೋಗದ ಹಂತದಲ್ಲಿವೆ" ಎಂದು ತಿರಸ್ಕರಿಸುತ್ತವೆ. ಐಜಿಜಿ ಪರೀಕ್ಷೆ ಬೇಡ ಎಂದು ಅಮೆರಿಕದ ಅಲರ್ಜಿ ತಜ್ಞರ ಅಕಾಡೆಮಿಯೇ ಹೇಳಿದೆ. ಐಜಿಜಿ ಇದೆ ಅಂದರೆ ಆ ಆಹಾರ ತಿಂದಿದ್ದೀರಿ ಎಂದಷ್ಟೇ ಅರ್ಥ ಆಗಬಹುದು. ಇಂಥ ಕಿಟ್‌ಗೆ ದುಡ್ಡು ಕೊಡುವ ಮುಂಚೆ ಡಾಕ್ಟರನ್ನು ನೇರವಾಗಿ ಕೇಳಿ: "ಇದರ ಫಲಿತಾಂಶ ನೋಡಿ ನನ್ನ ಚಿಕಿತ್ಸೆ ಬದಲಾಗುತ್ತದಾ?" ಉತ್ತರ ಸ್ಪಷ್ಟವಾಗಿ ಬರದಿದ್ದರೆ ಆ ಪರೀಕ್ಷೆ ಬೇಡ ಎನ್ನುವುದೇ ನನ್ನ ಸಲಹೆ. ಆಯಾಸದಿಂದ ಕಂಗೆಟ್ಟವರು ಆಸೆಯಿಂದ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಹಾಗೆ ತಲೆಯಾಡಿಸಿದ ಬಿಲ್‌ಗಳೇ ಮನೆಯ ಬಜೆಟ್ ಹಾಳು ಮಾಡುವುದು.

ಪ್ಯಾಕೇಜ್‌ಗಳ ಬಗ್ಗೆಯೂ ಹುಷಾರಾಗಿರಿ. ಆರು ತಿಂಗಳ ಮೊತ್ತ ಒಟ್ಟಿಗೆ ಕಟ್ಟಿದರೆ, ಯಾವ ದಿನ ಏನು ಮಾಡಿದರು ಎಂಬ ವಿವರ ಇಲ್ಲದ ರಸೀದಿ ಸಿಗುತ್ತದೆ. ಅದಕ್ಕೆ ಕ್ಲೇಮ್ ಆಗುವುದು ಕಷ್ಟ. ಪ್ರತಿ ಭೇಟಿಗೂ ಬೇರೆ ಬಿಲ್ ಕೊಡುತ್ತಾರಾ, ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ ಬರುತ್ತದಾ ಎಂದು ಸಹಿ ಹಾಕುವ ಮುಂಚೆಯೇ ಕೇಳಿ.

ಸೂಪರ್‌ಬಿಲ್ ಪಡೆದು ಕ್ಲೇಮ್ ಹಾಕಿ

ನೆಟ್‌ವರ್ಕ್‌ನ ಹೊರಗಿನ ಡಾಕ್ಟರಿಗೆ ನೀವೇ ದುಡ್ಡು ಕೊಟ್ಟು, ಸೂಪರ್‌ಬಿಲ್ ಎಂಬ ವಿವರವಾದ ಬಿಲ್ ಪಡೆಯುತ್ತೀರಿ. ಕಾರ್ಡ್ ರಸೀದಿ ಸಾಲದು. ಭೇಟಿಯ ದಿನಾಂಕ, ಸಿಪಿಟಿ ಕೋಡ್, ಕಾಯಿಲೆಯ ಐಸಿಡಿ-10 ಕೋಡ್, ಡಾಕ್ಟರ ಎನ್‌ಪಿಐ ಮತ್ತು ಟ್ಯಾಕ್ಸ್ ಐಡಿ, ನೀವು ಕೊಟ್ಟ ಮೊತ್ತ ಎಲ್ಲವೂ ಇರಬೇಕು. ಒಂದು ಬಿಟ್ಟರೂ ಕ್ಲೇಮ್ ವಾಪಸ್ ಬರುತ್ತದೆ. ಕ್ಲಿನಿಕ್‌ನಿಂದ ಹೊರಡುವ ಮುಂಚೆ ನೋಡಿಕೊಳ್ಳಿ. ಕ್ಲೇಮ್ ಹಾಕುವ ಗಡುವು ಪ್ಲಾನಿನಿಂದ ಪ್ಲಾನಿಗೆ ಬೇರೆ, ಆದ್ದರಿಂದ ತಿಂಗಳುಗಟ್ಟಲೆ ಸುಮ್ನೆ ಇಟ್ಟುಕೊಳ್ಳಬೇಡಿ.

ಉಳಿದದ್ದಕ್ಕೆ ಎಚ್‌ಎಸ್‌ಎ, ಎಫ್‌ಎಸ್‌ಎ

ಇನ್ಶೂರೆನ್ಸ್ ಕೊಡದ ಭಾಗವನ್ನು ತೆರಿಗೆ ಕಟ್ಟದ ದುಡ್ಡಿನಿಂದ ಕೊಡಬಹುದು. ಅದಕ್ಕೆ ಎರಡು ಬಗೆಯ ಖಾತೆಗಳಿವೆ: ಹೆಲ್ತ್ ಸೇವಿಂಗ್ಸ್ ಅಕೌಂಟ್ (ಎಚ್‌ಎಸ್‌ಎ), ಫ್ಲೆಕ್ಸಿಬಲ್ ಸ್ಪೆಂಡಿಂಗ್ ಅಕೌಂಟ್ (ಎಫ್‌ಎಸ್‌ಎ). 2026ಕ್ಕೆ ಎಚ್‌ಎಸ್‌ಎಗೆ ಹಾಕಬಹುದಾದ ದುಡ್ಡಿನ ಮಿತಿ ಒಬ್ಬರಿಗೆ 4400 ಡಾಲರ್, ಕುಟುಂಬಕ್ಕೆ 8750. ಕೆಲಸದ ಕಡೆಯ ಎಫ್‌ಎಸ್‌ಎಗೆ 3400. ಎಚ್‌ಎಸ್‌ಎ ದುಡ್ಡು ವರ್ಷ ಕಳೆದರೂ ನಿಮ್ಮದೇ. ಎಫ್‌ಎಸ್‌ಎಯಲ್ಲಿ ಉಳಿದದ್ದರ ಬಹುಪಾಲು ಕೈತಪ್ಪಬಹುದು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿರುವವರು ಗಮನಿಸಿ, ಆ ಎರಡು ರಾಜ್ಯಗಳು ತಮ್ಮ ರಾಜ್ಯ ತೆರಿಗೆಯಲ್ಲಿ ಎಚ್‌ಎಸ್‌ಎಗೆ ರಿಯಾಯಿತಿ ಕೊಡುವುದಿಲ್ಲ.

ಡಾಕ್ಟರ ಫೀಸು, ಕಾಯಿಲೆ ಪತ್ತೆಗೆ ಮಾಡಿಸಿದ ಪರೀಕ್ಷೆ ಇವಕ್ಕೆ ಈ ಖಾತೆ ಬಳಸಲು ಸಾಮಾನ್ಯವಾಗಿ ತೊಂದರೆ ಇಲ್ಲ. ಕಷ್ಟ ಇರುವುದು ಸಪ್ಲಿಮೆಂಟ್‌ಗಳಲ್ಲಿ. ಡಾಕ್ಟರು ಪತ್ತೆ ಮಾಡಿದ ಒಂದು ಕಾಯಿಲೆಗೆ ಚಿಕಿತ್ಸೆಯಾಗಿ ಬರೆದುಕೊಟ್ಟರೆ ಮಾತ್ರ ಅವಕ್ಕೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಒಪ್ಪಿಗೆ. "ಆರೋಗ್ಯ ಚೆನ್ನಾಗಿರಲಿ" ಎಂದು ತೆಗೆದುಕೊಂಡದ್ದಕ್ಕೆ ಇಲ್ಲ. ಹಾಗಾಗಿ ವೈದ್ಯಕೀಯ ಅಗತ್ಯದ ಪತ್ರ ಬರೆಸಿಕೊಳ್ಳಿ. ಅದರಲ್ಲಿ ಕಾಯಿಲೆಯ ಹೆಸರು, ಏನು ಕೊಡುತ್ತಿದ್ದಾರೆ, ಎಷ್ಟು ಕಾಲ ಎಂಬುದು ಇರಲಿ. ನಾಲ್ಕು ಪ್ರಶ್ನೆ ಕೇಳಿ ಆನ್‌ಲೈನ್‌ನಲ್ಲಿ ಇಂಥ ಪತ್ರ ಮಾರುವವರನ್ನು ನಂಬಬೇಡಿ. ಇಂಥದ್ದರ ಬಗ್ಗೆ 2024ರ ಮಾರ್ಚ್‌ನಲ್ಲಿ ಐಆರ್‌ಎಸ್ ಎಚ್ಚರಿಕೆ ಕೊಟ್ಟಿದೆ. 65 ವರ್ಷದೊಳಗೆ ಎಚ್‌ಎಸ್‌ಎ ದುಡ್ಡನ್ನು ಸಲ್ಲದ ಖರ್ಚಿಗೆ ಬಳಸಿದರೆ ತೆರಿಗೆಯ ಜೊತೆಗೆ ಆ ಮೊತ್ತದ ಶೇಕಡಾ 20 ದಂಡವೂ ಇದೆ.

ಕ್ಲೇಮ್ ತಿರಸ್ಕಾರವಾದರೆ

ಮೊದಲು ತಿರಸ್ಕಾರದ ಕಾರಣ ಓದಿ. ಕೋಡ್ ತಪ್ಪಿದ್ದರೆ ಅಪೀಲು ಬೇಕಿಲ್ಲ, ಕ್ಲಿನಿಕ್‌ನಲ್ಲಿ ತಿದ್ದಿಸಿ ಮತ್ತೆ ಕಳಿಸಿದರೆ ಆಯಿತು. "ವೈದ್ಯಕೀಯವಾಗಿ ಅಗತ್ಯವಿಲ್ಲ" ಎಂದಿದ್ದರೆ 180 ದಿನದೊಳಗೆ ಅಪೀಲು ಹಾಕಿ. ಡಾಕ್ಟರ ಪತ್ರ, ಹಳೆಯ ಚಿಕಿತ್ಸೆಯಿಂದ ಗುಣ ಕಾಣದ ದಾಖಲೆ, ಲ್ಯಾಬ್ ವರದಿ ಜೊತೆಗಿಡಿ. ಆಗಲೇ ಪಡೆದ ಚಿಕಿತ್ಸೆಗೆ ಕಂಪನಿ 60 ದಿನದಲ್ಲಿ ಉತ್ತರ ಕೊಡಬೇಕು. ಆಗಲೂ ಇಲ್ಲ ಎಂದರೆ, ಆ ಕೊನೆಯ ಉತ್ತರ ಬಂದ ನಾಲ್ಕು ತಿಂಗಳೊಳಗೆ ಹೊರಗಿನ ಸ್ವತಂತ್ರ ಪರಿಶೀಲನೆಗೆ ಕೇಳಬಹುದು. ಅಲ್ಲಿ ನಿಮ್ಮ ಪರ ತೀರ್ಮಾನ ಬಂದರೆ ಕಂಪನಿ ಅದನ್ನು ಒಪ್ಪಲೇಬೇಕು. ಪ್ಲಾನ್‌ನಲ್ಲೇ ಸ್ಪಷ್ಟವಾಗಿ ಹೊರಗಿಟ್ಟ ಸಪ್ಲಿಮೆಂಟ್‌ಗಾಗಿ ಈ ದಾರಿ ಹಿಡಿದು ಸಮಯ ಕಳೆಯಬೇಡಿ. ಡಾಕ್ಟರ ಭೇಟಿ ಮತ್ತು ಮಾಮೂಲಿ ಪರೀಕ್ಷೆಗಳಿಗೆ ಮಾತ್ರ ಅಪೀಲು ಹಾಕಿ.