ಬಾಟಲಿ ತಳದಿಂದ ಬೆಣಚುಕಲ್ಲಿಗೆ: ಬಾಣದ ಮೊನೆ ಮಾಡಲು ಕಲಿತ ಬಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಕೋವಿಯಾಗಲಿ ಕಲ್ಲಿನ ಬಾಣವಾಗಲಿ, ಕಾಡುಪ್ರಾಣಿಗೆ ಗುರಿ ಇಡುವಂತಿಲ್ಲ. ನನ್ನ ಬಾಣಗಳೆಲ್ಲ ಹೋಗಿ ನಾಟುವುದು ಬಾಳೆ ದಿಂಡಿಗೆ. "ಕೋವಿ ಇರುವ ಊರಲ್ಲಿ ಇದೆಂಥ ಮಾರಾಯ ನಿಂದು" ಅಂತ ಪಕ್ಕದ ತೋಟದ ಅಜ್ಜ ನಕ್ಕರು. ನಗಲಿ ಬಿಡಿ. ಕೊಡವರ ಸಂಪ್ರದಾಯದಲ್ಲಿ ಗಂಡು ಮಗು ಹುಟ್ಟಿದ ಸುದ್ದಿಯನ್ನು ಕೋವಿ ಹಾರಿಸಿ ತಿಳಿಸುತ್ತಾರೆ, ಆದರೆ ಮಗುವಿನ ಕೈಗೆ ಕೊಡುವುದು ಹರಳು ಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನೇ ಅಲ್ವಾ?

ಇಲ್ಲಿ ತೊಂದರೆ ಇರುವುದು ಕಲ್ಲಿನದ್ದು. ಕೊಡಗಿನಲ್ಲಿ ಕಲ್ಲಿಗೇನು ಬರ ಅಂತೀರಾ? ಗ್ರಾನೈಟ್, ಪಟ್ಟೆ ಪಟ್ಟೆಯ ನೈಸ್ ಶಿಲೆ, ಜಂಬಿಟ್ಟಿಗೆ ಎಲ್ಲ ಇವೆ. ಯಾವುದೂ ಮೊನೆಗೆ ಆಗುವುದಿಲ್ಲ. ಒಳಗೆ ದಪ್ಪ ಕಣವಾಗಲಿ ಪದರವಾಗಲಿ ಇಲ್ಲದ ಕಲ್ಲು ಬೇಕು. ಪೆಟ್ಟು ಬಿದ್ದ ಜಾಗದಿಂದ ಅಲೆ ಅಲೆಯಾಗಿ ಚಿಪ್ಪು ಏಳಬೇಕು. ಅಂಥ ಚರ್ಟ್ ಕಲ್ಲು ನಮ್ಮ ರಾಜ್ಯದಲ್ಲೇ ಕೃಷ್ಣಾ, ಭೀಮಾ ನದಿಗಳ ಕಡೆ ಸಿಗುತ್ತದೆ. ನಮಗೆ ಕಾವೇರಿಯಲ್ಲಿ ಸಿಗುವುದು ಉರುಟು ಬೆಣಚುಕಲ್ಲು, ಅದು ಮಹಾ ಹಟಮಾರಿ.

ಹಾಗಾಗಿ ನಾನು ಕಲಿತದ್ದು ಗಾಜಿನಲ್ಲಿ. ರಮ್ ಬಾಟಲಿಯ ತಳ. ಕೊಡಗಿನಲ್ಲಿ ಅದಕ್ಕೆ ಯಾವತ್ತೂ ಬರಗಾಲ ಇಲ್ಲ! ಇದನ್ನು ಕಳ್ಳದಾರಿ ಅಂತ ಮೂಗು ಮುರಿಯುವವರಿದ್ದಾರೆ, ನಾನು ಒಪ್ಪುವುದಿಲ್ಲ. 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಡಿನಿಂದ ಹೊರಬಂದ ಯಾಹಿ ಎಂಬ ಮೂಲನಿವಾಸಿ ಬುಡಕಟ್ಟಿನ ಇಶಿ ಎಂಬಾತ ಮಾಡಿದ ಎಷ್ಟೋ ಚಂದದ ಮೊನೆಗಳು ಬಾಟಲಿ ಗಾಜಿನವೇ. ಕೈಗೆ ಸಿಕ್ಕಿದ್ದರಲ್ಲಿ ಒಳ್ಳೆಯದನ್ನು ಆರಿಸುವುದೂ ಈ ಕೆಲಸದ ಭಾಗ.

ಉಪಕರಣ ಸುಲಭ. ವಿದೇಶಗಳಲ್ಲಿ ಜಿಂಕೆ ಕೊಂಬಿನ ತುದಿ ಬಳಸುತ್ತಾರೆ. ಇಲ್ಲಿ ಕಾಡಲ್ಲಿ ಬಿದ್ದು ಸಿಕ್ಕ ಕೊಂಬನ್ನೂ ಮನೆಗೆ ತರುವಂತಿಲ್ಲ, ಆ ಯೋಚನೆಯೇ ಬೇಡ. ದಪ್ಪ ತಾಮ್ರದ ತಂತಿಯ ತುಂಡನ್ನು ಕಾಫಿ ಮರದ ಹಿಡಿಗೆ ಬಿಗಿಯಾಗಿ ಹೊಡೆದು, ತುದಿಯನ್ನು ಸ್ವಲ್ಪ ಮಾತ್ರ ಹೊರಗೆ ಬಿಟ್ಟರೆ ಸಾಕು. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಐದು ಸಾವಿರ ವರ್ಷ ಹಳೆಯ ಶವ, ಓಟ್ಸಿ ಅಂತ ಹೆಸರಿಟ್ಟ ಮನುಷ್ಯನ ಹತ್ತಿರವೂ ಇದೇ ಜಾತಿಯ ಸಾಧನ ಇತ್ತು: ಮರದ ಕೋಲಿನೊಳಗೆ ಕೊಂಬಿನ ಕಡ್ಡಿ. ಅವನ ಬತ್ತಳಿಕೆಯಲ್ಲಿದ್ದ 14 ಬಾಣಗಳಲ್ಲಿ ಮೊನೆ ಕಟ್ಟಿ ಮುಗಿಸಿದ್ದು 2 ಮಾತ್ರ. ನನಗಂತೂ ಇದು ಸಮಾಧಾನ ಕೊಡುವ ಲೆಕ್ಕ.

ಈಗ ಕೆಲಸಕ್ಕೆ ಬರೋಣ. ಅಂಗೈ ಮೇಲೆ ದಪ್ಪ ಚರ್ಮ, ಅದರ ಮೇಲೆ ಗಾಜಿನ ತುಂಡು, ಬೆರಳುಗಳಿಂದ ಬಿಗಿ ಹಿಡಿತ. ತಾಮ್ರದ ತುದಿಯನ್ನು ಅಂಚಿಗಿಟ್ಟು ಮೊದಲು ಗಾಜಿನ ಒಳಮುಖವಾಗಿ ಒತ್ತಬೇಕು, ಒತ್ತಡ ತುಂಬಿದ ಮೇಲೆ ಸ್ವಲ್ಪವೇ ಕೆಳಕ್ಕೆ ತಳ್ಳಬೇಕು. ಟಿಕ್ ಅನ್ನುತ್ತದೆ. ಚಿಪ್ಪು ಅಡಿಯ ಮುಖದಿಂದ ಚರ್ಮದ ಕಡೆಗೆ ಏಳುತ್ತದೆ. ಮಣಿಕಟ್ಟಿನಿಂದ ಒತ್ತಿದರೆ ಸಣ್ಣ ಪುಡಿ ಮಾತ್ರ ಬರುತ್ತದೆ, ಕೈಗಳನ್ನು ತೊಡೆಗಳ ನಡುವೆ ಇಟ್ಟು ಮಂಡಿ ಒತ್ತಿದರೆ ಉದ್ದ ಚಿಪ್ಪು ಬರುತ್ತದೆ.

ಆದರೆ ಒತ್ತುವುದು ಅರ್ಧ ಕೆಲಸ ಕೂಡ ಅಲ್ಲ. ನಿಜವಾದ ಕೆಲಸ ಅಂಚು ತಿಕ್ಕುವುದು. ಚೂಪಾದ ಅಂಚಿಗೆ ಬಲ ಇಲ್ಲ, ತಾಮ್ರ ತಾಗಿದ ಕೂಡಲೇ ಪುಡಿಯಾಗುತ್ತದೆ, ಒತ್ತಡ ಒಳಗೆ ಹೋಗುವುದೇ ಇಲ್ಲ. ಅದಕ್ಕೇ ಒರಟು ಕಲ್ಲಿನಲ್ಲಿ ಅಂಚನ್ನು ಚೆನ್ನಾಗಿ ತಿಕ್ಕಿ ಮೊಂಡು ಮಾಡಬೇಕು. ಚೂಪು ಮಾಡಲು ಕೂತವನು ಇಡೀ ಹೊತ್ತು ಮೊಂಡು ಮಾಡುತ್ತಿರುತ್ತಾನೆ ಅಂದರೆ ನೋಡುವವರಿಗೆ ತಮಾಷೆ ಅನಿಸುತ್ತದೆ. ಜೊತೆಗೆ ಆ ಅಂಚು ದಪ್ಪದ ಸರಿ ನಡುವೆ ಇರಬಾರದು, ಚಿಪ್ಪು ಏಳಬೇಕಾದ ಮುಖದ ಕಡೆಗೆ ಸರಿದಿರಬೇಕು. ಒಂದು ಮುಖ ಮುಗಿಸಿ, ತಿರುಗಿಸಿ, ಮತ್ತೆ ತಿಕ್ಕಿ, ಮತ್ತೆ ಒತ್ತಿ. ಚಿಪ್ಪು ನಡುವಲ್ಲೇ ಮೆಟ್ಟಿಲಿನಂತೆ ಮುರಿದು ನಿಂತರೆ ಅಲ್ಲೇ ಮತ್ತೆ ಮತ್ತೆ ಒತ್ತಬೇಡಿ, ಗುಡ್ಡೆ ದೊಡ್ಡದಾಗುತ್ತದೆ. ಎದುರಿನ ಅಂಚಿನಿಂದ ಬನ್ನಿ. ಬುಡದ ಕಚ್ಚುಗಳನ್ನು ಕೊನೆಗೆ ಮಾಡಿ.

ಕನ್ನಡಕ, ಮಾಸ್ಕ್ ಇಲ್ಲದೆ ಕೂರಬೇಡಿ. ಗಾಜಿನ ಚೂರು ಕಣ್ಣಿಗೆ ಅಪಾಯ, ಕಲ್ಲಿನ ಧೂಳು ಶ್ವಾಸಕೋಶಕ್ಕೆ. ಟಾರ್ಪಾಲ್ ಹಾಸಿ ಬಯಲಲ್ಲೇ ಕೂರಿ. ತೋಟದಲ್ಲಿ ಕೆಲಸದವರು ಬರಿಗಾಲಲ್ಲಿ ಓಡಾಡುತ್ತಾರೆ, ಒಂದು ಚೂರೂ ನೆಲಕ್ಕೆ ಬೀಳಬಾರದು.

ಗಾಜು ಕೈಗೆ ಬಂದ ಮೇಲೆ ಬೆಣಚುಕಲ್ಲಿಗೆ ಹೋದೆ. ಅಲ್ಲಿ ಲೆಕ್ಕವೇ ಬೇರೆ. ಕಲ್ಲಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಒಡೆಯುವುದು ಅದರ ಇಷ್ಟದಂತೆ. ಚರ್ಟ್ ಆದರೆ ಮರಳಿನಲ್ಲಿ ಹೂತು ಮೇಲೆ ಬೆಂಕಿ ಹಾಕಿ ನಿಧಾನವಾಗಿ ಕಾಯಿಸಿ ಹದ ಮಾಡಬಹುದು, ಇದಕ್ಕೆ ಆ ಉಪಾಯ ನಡೆಯುವುದಿಲ್ಲ. ದೊಡ್ಡ ಕಲ್ಲಿನ ಮೇಲೆ ಉರುಟು ಕಲ್ಲನ್ನು ನೆಟ್ಟಗೆ ಹಿಡಿದು ಮೇಲಿನಿಂದ ನೇರ ಹೊಡೆಯುವುದೇ ದಾರಿ. ಬೆರಳು ಜೋಪಾನ. ಆಗ ಸಿಗುವುದು ಉಗುರಿನಷ್ಟು ಚಿಕ್ಕ ಚೂರುಗಳು. ಎಲೆಯಾಕಾರದ ದೊಡ್ಡ ಮೊನೆಯ ಆಸೆ ಬಿಟ್ಟು ಆ ಚೂರುಗಳನ್ನೇ ಬಾಣದ ತುದಿಗೆ, ಪಕ್ಕಕ್ಕೆ ಅಂಟಿಸಿದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಸಿಕ್ಕ ಶಿಲಾಯುಗದ ಪುಟಾಣಿ ಉಪಕರಣಗಳಲ್ಲೂ ಹೆಚ್ಚಿನವು ಬೆಣಚುಕಲ್ಲಿನವೇ. ಈ ಕಲ್ಲು ಕೊಡುವುದೇ ಅಷ್ಟು.

ಅಂಟಿಗೆ ಧೂಪದ ಮರದ ರಾಳ, ಜೇನುಮೇಣ, ನುಣ್ಣನೆ ಇದ್ದಿಲು ಪುಡಿ. ರಾಳ ಜಾಸ್ತಿ, ಮೇಣ ಕಮ್ಮಿ. ಮೇಣ ಹೆಚ್ಚಾದರೆ ಬಿಸಿಲಿಗೆ ಮೆತ್ತಗಾಗುತ್ತದೆ, ತೀರಾ ಕಮ್ಮಿಯಾದರೆ ಪೆಟ್ಟಿಗೆ ಸೀಳುತ್ತದೆ. ಸಣ್ಣ ಉರಿಯಲ್ಲಿ ಕರಗಿಸಿ, ಹೊಗೆ ಬರುವಷ್ಟು ಕಾಯಿಸಬೇಡಿ. ಬಾಣಕ್ಕೆ ವಾಟೆ ಬಿದಿರು, ಸುತ್ತಲು ಕತ್ತಾಳೆ ನಾರು. ಬಾಳೆ ದಿಂಡಿಗೆ ಗಾಜಿನ ಮೊನೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ, ಹಲಸಿನ ಮರಕ್ಕೆ ತಾಗಿದರೆ ಚೂರು ಚೂರು. ಮಳೆಗಾಲದಲ್ಲಿ ನಾರು ತೇವ ಹೀರಿ ಸಡಿಲ ಬೀಳುತ್ತದೆ. ಜೂನ್‌ಗೆ ಮೊದಲೇ ಸುತ್ತಿನ ಮೇಲೆ ಇನ್ನೊಂದು ಕೈ ರಾಳ ಬಳಿದು, ಒಲೆಯ ಮೇಲಿನ ಅಟ್ಟದಲ್ಲಿಡಿ.