ಹಬ್ ಒಳಗಿನ ಗೇರ್ ಸರಿಯಾಗಿ ಬೀಳುತ್ತಿಲ್ಲವಾ? ಮೊದಲು ವೈರ್ ನೋಡಿ

ಹಾಲೆಂಡಿನ ಐಂಡ್‌ಹೋವನ್‌ಗೆ ಬಂದ ಮೊದಲ ಚಳಿಗಾಲದಲ್ಲೇ ನನ್ನ ಸೆಕೆಂಡ್ ಹ್ಯಾಂಡ್ ಸೈಕಲ್ಲಿನ ಗೇರ್ ಕೈಕೊಟ್ಟಿತು. ಶಿಮಾನೋ ಕಂಪನಿಯ ನೆಕ್ಸಸ್ ಹಬ್, 7 ಗೇರಿನದು. ಹಬ್ ಅಂದರೆ ಹಿಂದಿನ ಚಕ್ರದ ನಡುವಿನ ಉರುಳೆ, ಗೇರ್ ಅದರೊಳಗೇ ಇರುತ್ತದೆ. 3ರಿಂದ 4ಕ್ಕೆ ಹಾಕಿದರೆ ಪೆಡಲ್ ಒಂದು ಕ್ಷಣ ಸುಮ್ನೆ ಗಾಳಿಯಲ್ಲಿ ತಿರುಗಿ, ಆಮೇಲೆ ಟಕ್ ಅಂತ ಹಿಡಿಯುತ್ತಿತ್ತು. ಅಂಗಡಿಗೆ ತೆಗೆದುಕೊಂಡು ಹೋದೆ. ಹಬ್ ಹೋಗಿದೆ, ಹಿಂದಿನ ಚಕ್ರವನ್ನೇ ಬದಲಿಸಬೇಕು ಅಂದರು. ಅವರು ಹೇಳಿದ ದುಡ್ಡು ನಾನು ಸೈಕಲ್‌ಗೆ ಕೊಟ್ಟಿದ್ದಕ್ಕಿಂತ ಜಾಸ್ತಿ. ವಾಪಸ್ ತಂದು ಶನಿವಾರ ಕೂತು ನೋಡಿದರೆ ಹಬ್‌ಗೆ ಏನೂ ಆಗಿರಲಿಲ್ಲ. ಗೇರ್ ವೈರಿನ ಔಟರ್, ಅಂದರೆ ಹೊರಗಿನ ಕೊಳವೆಯ ಒಳಗೆ ನೀರು ಇಳಿದು ತುಕ್ಕು ಹಿಡಿದಿತ್ತು, ಅಷ್ಟೇ. ಹೊಸ ವೈರ್, ಹೊಸ ಔಟರ್, ಅರ್ಧ ಗಂಟೆಯ ಕೆಲಸ. ಆ ಹಬ್ ಇವತ್ತಿಗೂ ಓಡುತ್ತಿದೆ.

ಇಲ್ಲಿಗೆ ಬಂದು ಇಂಥ ಸೈಕಲ್ ಕೊಂಡ ನಮ್ಮವರು ಗೇರ್ ಜಾರಿದ ಕೂಡಲೇ ಹೆದರುತ್ತಾರೆ. ಊರಲ್ಲಿ ಗೇರ್ ಸೈಕಲ್ ಅಂದರೆ ಹಿಂದೆ ಹಲ್ಲಿನ ಚಕ್ರಗಳು ಐದಾರು, ಚೈನು ಅದರ ಮೇಲೆ ಹತ್ತಿ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಇದರಲ್ಲಿ ಎಲ್ಲ ಹಬ್ ಒಳಗೆ ಮುಚ್ಚಿಹೋಗಿದೆ, ಹಾಗಾಗಿ ಏನೋ ದೊಡ್ಡದೇ ಮುರಿದಿದೆ ಅನ್ನಿಸುತ್ತದೆ. ಬಹಳ ಸಲ ಹಾಗಿರುವುದಿಲ್ಲ. ಹಬ್ ಬಿಚ್ಚುವ ಯೋಚನೆ ಕೊನೆಗೆ ಇಟ್ಟುಕೊಳ್ಳಿ.

ಒಳಗೆ ಏನಿದೆ ಅಂತ ಸ್ವಲ್ಪ ತಿಳಿದಿದ್ದರೆ ಕೈ ಧೈರ್ಯವಾಗಿ ಓಡುತ್ತದೆ. ನಡುವೆ ಆಕ್ಸಲ್‌ಗೆ, ಅಂದರೆ ಚಕ್ರದ ನಡುವಿನ ತಿರುಗದ ದಂಡಕ್ಕೆ, ಸೇರಿದ ಒಂದು ಹಲ್ಲಿನ ಚಕ್ರ, ಅದರ ಸುತ್ತ ತಿರುಗುವ ಸಣ್ಣ ಚಕ್ರಗಳು, ಇವೆಲ್ಲವನ್ನೂ ಸುತ್ತುವರಿದು ಒಳಮುಖ ಹಲ್ಲಿರುವ ಒಂದು ಬಳೆ. ಚೈನಿನ ಬಲ ಬಳೆಯ ಕಡೆಯಿಂದ ಹೋಗುತ್ತದೋ ಸಣ್ಣ ಚಕ್ರಗಳ ಕಡೆಯಿಂದ ಹೋಗುತ್ತದೋ ಅನ್ನುವುದರ ಮೇಲೆ ಗೇರ್ ಬದಲಾಗುತ್ತದೆ. ಉದಾಹರಣೆಗೆ 3 ಗೇರಿನ ಹಳೇ ಸ್ಟರ್ಮಿ-ಆರ್ಚರ್ ಎಡಬ್ಲ್ಯೂ ಹಬ್‌ನಲ್ಲಿ 2ನೇ ಗೇರ್ ಅಂದರೆ ನೇರ ಓಟ, 1ರಲ್ಲಿ ಅದಕ್ಕಿಂತ ಶೇ. 25ರಷ್ಟು ನಿಧಾನ, 3ರಲ್ಲಿ ಶೇ. 33ರಷ್ಟು ಜೋರು. ವೈರ್ ಮಾಡುವ ಕೆಲಸ ಒಳಗಿನ ಒಂದು ಕೊಂಡಿಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು, ಇನ್ನೇನಿಲ್ಲ. ಆ ಜಾಗ ತುಂಬ ಸಣ್ಣದು. ವೈರ್ ಒಂದು ಮಿ.ಮೀ. ಅತ್ತಿತ್ತ ಆದರೂ ಕೊಂಡಿ ಅರ್ಧ ಹಿಡಿದು ಅರ್ಧ ಬಿಡುತ್ತದೆ. ನೀವು ಬಲ ಹಾಕಿ ತುಳಿದಾಗ ಜಾರುತ್ತದೆ. ಹಾಗೆ ಜಾರುತ್ತಿರುವಾಗಲೇ ತಿಂಗಳುಗಟ್ಟಲೆ ಓಡಿಸಿದರೆ ಆ ಕೊಂಡಿಯ ಮೂಲೆಗಳು ಸವೆದು, ಆಗ ಮಾತ್ರ ಹಬ್ ನಿಜವಾಗಿಯೂ ಹಾಳಾಗುತ್ತದೆ. ಆದ್ದರಿಂದ ತಡ ಮಾಡಬೇಡಿ.

ಪಾನಾ ಕೈಗೆ ತೆಗೆದುಕೊಳ್ಳುವ ಮೊದಲು ಒಂದು ಸುತ್ತು ಓಡಿಸಿ, ಯಾವ ಗೇರಿನಲ್ಲಿ ಜಾರುತ್ತದೆ ಅಂತ ಗಮನಿಸಿ. ಒಂದೋ ಎರಡೋ ಗೇರಿನಲ್ಲಿ ಮಾತ್ರ ಜಾರಿದರೆ ವೈರಿನ ಬಿಗಿ ತಪ್ಪಿದೆ ಅಂತ ಮೊದಲು ಅನುಮಾನಿಸಿ. ಎಲ್ಲ ಗೇರಿನಲ್ಲೂ ಒಂದೇ ಥರ ಜಾರಿದರೆ ಚೈನು, ಹಿಂದಿನ ಹಲ್ಲಿನ ಚಕ್ರ ನೋಡಿ. ಸವೆದ ಚೈನು ಸವೆದ ಹಲ್ಲಿನ ಮೇಲೆ ಹಾರುವಾಗ ಬರುವ ಪೆಟ್ಟು ಹಬ್ ಜಾರಿದಂತೆಯೇ ಇರುತ್ತದೆ. ಇಲ್ಲಿನ ಸೈಕಲ್‌ಗಳಲ್ಲಿ ಚೈನಿಗೆ ಪೂರ್ತಿ ಕವರ್ ಇರುವುದರಿಂದ ಅದು ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು, ಗೇರ್ ಬದಲಿಸುವಾಗ ಕಾಲಿನ ಬಲ ಒಂದು ಕ್ಷಣ ಸಡಿಲ ಬಿಡಬೇಕು. ಬಲ ಹಾಕುತ್ತಲೇ ತಿರುಗಿಸಿದರೆ ಒಳ್ಳೆಯ ಹಬ್ ಕೂಡ ತಡವಾಗಿ ಹಿಡಿಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗಲೇ ಬದಲಿಸಬಹುದು, ಈ ಹಬ್‌ಗಳ ದೊಡ್ಡ ಸುಖ ಅದೇ ಅಲ್ವಾ? ಹಾಲೆಂಡಿನಲ್ಲಿ ಗುಡ್ಡ ಇಲ್ಲ, ಎದುರುಗಾಳಿಯೇ ಗುಡ್ಡ. ಗಾಳಿಗೆ ಎದುರಾಗಿ ಬಲವಾಗಿ ತುಳಿಯುತ್ತಾ ಗೇರ್ ಇಳಿಸುವ ಅಭ್ಯಾಸ ಇದ್ದರೆ ಮೊದಲು ಅದನ್ನು ಬಿಡಿ, ಎಷ್ಟೋ ಸಲ ಅಷ್ಟಕ್ಕೇ ತೊಂದರೆ ಹೋಗುತ್ತದೆ.

ಈಗ ಹೊಂದಿಸುವ ಕೆಲಸ. ನೆಕ್ಸಸ್ 7, ನೆಕ್ಸಸ್ 8, ಶಿಮಾನೋದ್ದೇ ಇನ್ನೊಂದು ಹಬ್ ಆಲ್‌ಫೀನ್ 8, ಮೂರಕ್ಕೂ ದಾರಿ ಒಂದೇ. ಶಿಫ್ಟರನ್ನು, ಅಂದರೆ ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಹಿಡಿಯನ್ನು, 4ಕ್ಕೆ ಹಾಕಿ, 1ಕ್ಕೆ ತಂದು, ಮತ್ತೆ 4ಕ್ಕೆ ತನ್ನಿ. ಹಿಂದಿನ ಚಕ್ರದ ಬಲಗಡೆ, ಚೈನಿನ ಹಲ್ಲಿನ ಚಕ್ರಕ್ಕೂ ಫ್ರೇಮ್‌ಗೂ ನಡುವೆ ವೈರ್ ಬಂದು ಸೇರುವ ಒಂದು ತಟ್ಟೆಯಂಥ ಭಾಗ ಇದೆ, ಅದಕ್ಕೆ ಕ್ಯಾಸೆಟ್ ಜಾಯಿಂಟ್ ಅನ್ನುತ್ತಾರೆ. ಬಗ್ಗಿ ನೋಡಿದರೆ ಅದರ ಮೇಲೆ ಎರಡು ಸಣ್ಣ ಗುರುತು ಕಾಣುತ್ತವೆ. ಒಂದು ಅಲುಗಾಡದ ಭಾಗದ ಮೇಲೆ, ಇನ್ನೊಂದು ವೈರ್ ಎಳೆದಂತೆ ತಿರುಗುವ ಭಾಗದ ಮೇಲೆ. ನೆಕ್ಸಸ್ 7ರಲ್ಲಿ ಕೆಂಪು, 8ರಲ್ಲಿ ಹಳದಿ. 4ನೇ ಗೇರಿನಲ್ಲಿ ಆ ಎರಡೂ ಒಂದೇ ಗೆರೆಯಲ್ಲಿ ನಿಲ್ಲಬೇಕು. ಕೊಳೆ ಮೆತ್ತಿಕೊಂಡಿದ್ದರೆ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಆಮೇಲೆ ಟಾರ್ಚ್ ಹಿಡಿದು ನೋಡಿ.

ಗೆರೆ ಸೇರದಿದ್ದರೆ ಶಿಫ್ಟರ್ ಹತ್ತಿರ ವೈರ್ ಹೊರಬರುವ ಕಡೆ ಇರುವ ಅಡ್ಜಸ್ಟರ್ ತಿರುಗಿಸಿ. ಹೊರಗೆ ಬಿಚ್ಚಿಕೊಂಡಂತೆ ವೈರ್ ಟೈಟ್, ಒಳಗೆ ಹೋದಂತೆ ಲೂಸ್. ಅರ್ಧ ಸುತ್ತು ತಿರುಗಿಸಿ, 1ಕ್ಕೆ ಹೋಗಿ, 4ಕ್ಕೆ ಬನ್ನಿ, ನೋಡಿ, ಮತ್ತೆ ಅರ್ಧ ಸುತ್ತು. ಪ್ರತಿ ಸಲವೂ 1ಕ್ಕೆ ಹೋಗಿ ಬರುವುದನ್ನು ತಪ್ಪಿಸಬೇಡಿ, ಯಾಕೆಂದರೆ ವೈರ್ ಔಟರ್ ಒಳಗೆ ಎಲ್ಲೋ ಸಿಕ್ಕಿಕೊಂಡಿದ್ದರೆ ಗೆರೆ ಸರಿ ಇದ್ದಂತೆ ಸುಳ್ಳು ತೋರಿಸುತ್ತದೆ. 1ರಿಂದ ಹತ್ತಿ ಬಂದಾಗ ಒಂದು ಕಡೆ, 7 ಅಥವಾ 8ರಿಂದ ಇಳಿದು ಬಂದಾಗ ಇನ್ನೊಂದು ಕಡೆ ನಿಂತರಂತೂ ಅನುಮಾನವೇ ಬೇಡ. ಅಡ್ಜಸ್ಟರ್ ತಿರುಗಿಸಿ ಪ್ರಯೋಜನವಿಲ್ಲ, ವೈರ್ ಬದಲಿಸಿ. ನನ್ನದು ಇದೇ ಕೇಸ್.

ವೈರ್ ಪರೀಕ್ಷಿಸಲು ಅದನ್ನು ಹಬ್‌ನಿಂದ ಬಿಡಿಸಬೇಕು. ಶಿಫ್ಟರ್ 1ಕ್ಕೆ ಹಾಕಿದರೆ ವೈರ್ ಪೂರ್ತಿ ಸಡಿಲವಾಗುತ್ತದೆ. ಕ್ಯಾಸೆಟ್ ಜಾಯಿಂಟ್‌ನ ತಿರುಗುವ ಭಾಗದಲ್ಲಿ ಒಂದು ಸಣ್ಣ ತೂತು ಇದೆ, ಅದಕ್ಕೆ 2 ಮಿ.ಮೀ. ಅಲೆನ್ ಕೀ ಅಥವಾ ಹಳೇ ಸ್ಪೋಕ್ ತೂರಿಸಿ ತಿರುಗಿಸಿ ಹಿಡಿದರೆ ವೈರ್ ಕಚ್ಚಿಕೊಂಡಿರುವ ಬೋಲ್ಟ್ ತನ್ನ ಸೀಳಿನಿಂದ ಹೊರಬರುತ್ತದೆ. ಬೋಲ್ಟ್ ವೈರಿನ ಮೇಲೇ ಇರಲಿ, ಲೂಸ್ ಮಾಡಬೇಡಿ. ಈಗ ವೈರಿನ ತುದಿ ಕೈಯಲ್ಲಿ ಹಿಡಿದು ಎಳೆಯುತ್ತಾ ಇನ್ನೊಬ್ಬರಿಗೆ ಶಿಫ್ಟರ್ ತಿರುಗಿಸಲು ಹೇಳಿ. ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸಲೀಸಾಗಿ ಬರಬೇಕು. ಕಿರಕಿರ ಅಂದರೆ, ಎಳೆದಷ್ಟೂ ಬಿಗಿಯಾದರೆ, ವೈರ್ ಔಟರ್ ಎರಡನ್ನೂ ಸೇರಿಸಿ ಹಾಕಿ. ಬರೀ ಒಳಗಿನ ವೈರ್ ಬದಲಿಸಿ ಹಳೇ ಔಟರ್ ಉಳಿಸಿಕೊಂಡರೆ ಒಂದೆರಡು ತಿಂಗಳಲ್ಲಿ ಮತ್ತೆ ಅದೇ ಕಥೆ. ಹೊಸ ವೈರಿಗೆ ಬೋಲ್ಟ್ ಹಾಕುವಾಗ ಔಟರಿನ ತುದಿಯಿಂದ ಬೋಲ್ಟ್‌ಗೆ 101 ಮಿ.ಮೀ. ಇರಬೇಕು. ಈ ಅಳತೆ ತಪ್ಪಿದರೆ ಅಡ್ಜಸ್ಟರ್ ಎಷ್ಟು ತಿರುಗಿಸಿದರೂ ಗೆರೆ ಸೇರುವುದಿಲ್ಲ.

ಚಳಿಗಾಲಕ್ಕೆ ಒಂದು ವಿಷಯ. ರಾತ್ರಿ ಹೊರಗೆ ನಿಲ್ಲಿಸಿದ ಸೈಕಲ್ ಬೆಳಿಗ್ಗೆ ಗೇರ್ ಬದಲಿಸಲು ಒಪ್ಪದೆ, ಆಫೀಸಿನ ಬೆಚ್ಚಗಿನ ಗ್ಯಾರೇಜಿನಲ್ಲಿ ಇಟ್ಟ ಮೇಲೆ ಸಂಜೆ ಚೆನ್ನಾಗಿ ಓಡಿದರೆ, ಔಟರ್ ಒಳಗೆ ನೀರು ಹೆಪ್ಪುಗಟ್ಟುತ್ತಿದೆ ಅಂತ ಅರ್ಥ.

ನೆಕ್ಸಸ್ 3 ಗೇರಿನದು ಸುಲಭ. ಶಿಫ್ಟರ್ 2ಕ್ಕೆ ಹಾಕಿ. ಬಲಗಡೆ ಆಕ್ಸಲ್ ತುದಿಯಲ್ಲಿ ಸಣ್ಣ ಕಿಟಕಿ ಇರುವ ಒಂದು ಡಬ್ಬಿ ಇದೆ, ಕಿಟಕಿಯೊಳಗಿನ ಗೆರೆ ಗುರುತಿಗೆ ಸರಿಯಾಗಿ ನಿಲ್ಲುವಂತೆ ಅಡ್ಜಸ್ಟರ್ ತಿರುಗಿಸಿ. ಆ ಡಬ್ಬಿ ಆಕ್ಸಲ್ ಮೇಲೆ ಪೂರ್ತಿ ಒಳಗೆ ಕೂತಿದೆಯೇ ಅಂತ ಮೊದಲು ನೋಡಿ. ಸೈಕಲ್ ಬಲಕ್ಕೆ ಬಿದ್ದಾಗ ಅದು ಹೊರಗೆ ಜಾರಿರುವುದೇ ಜಾಸ್ತಿ.

ಸ್ಟರ್ಮಿ-ಆರ್ಚರ್ ಎಡಬ್ಲ್ಯೂ ಬಗ್ಗೆ ಮಾತ್ರ ಎಚ್ಚರಿಕೆಯಿಂದ ಓದಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1936ರಲ್ಲಿ ಶುರುವಾದ ಹಬ್ ಇದು, ಹಳೇ ರ‍್ಯಾಲಿ ಸೈಕಲ್‌ಗಳಲ್ಲಿ ಇದೇ ಇರುತ್ತದೆ. ಅದರ ಹಳೇ ಮಾದರಿಗಳಲ್ಲಿ 2 ಮತ್ತು 3ರ ನಡುವೆ ಯಾವ ಗೇರೂ ಇಲ್ಲದ ಒಂದು ಜಾಗ ಇದೆ. ವೈರ್ ಹೊಂದಾಣಿಕೆ ತಪ್ಪಿದ್ದು ನೀವು ಎದ್ದು ನಿಂತು ತುಳಿಯುತ್ತಿದ್ದರೆ ಪೆಡಲ್ ಥಟ್ಟನೆ ಬರಿದಾಗಿ ಫ್ರೇಮಿನ ಮೇಲೆ ಬೀಳುತ್ತೀರಿ. ಸರಿಯಾಗುವ ತನಕ ಸೀಟಿನ ಮೇಲೆ ಕೂತೇ ಓಡಿಸಿ. ಇದರಲ್ಲಿ ವೈರ್ ಬಿಗಿಯಾದರೆ 1, ಸಡಿಲ ಬಿಟ್ಟರೆ 3. ವೈರ್ ತುಂಡಾದರೂ 3ರಲ್ಲೇ ಓಡುತ್ತದೆ. ಶಿಫ್ಟರ್ 2ಕ್ಕೆ ಹಾಕಿ ಬಲಗಡೆಯ ಆಕ್ಸಲ್ ನಟ್ಟಿನಲ್ಲಿರುವ ತೂತಿನೊಳಗೆ ನೋಡಿ. ಸಣ್ಣ ಸರಪಳಿಗೆ ಸೇರಿದ ಕಡ್ಡಿಯ ದಪ್ಪ ಭಾಗ ಮುಗಿಯುವ ಜಾಗ ಆಕ್ಸಲಿನ ತುದಿಗೆ ಸಮನಾಗಿ ನಿಲ್ಲಬೇಕು. ಒಳಗೇ ಉಳಿದಿದ್ದರೆ ವೈರ್ ಟೈಟ್ ಮಾಡಿ, ಹೊರಗೆ ಬಂದಿದ್ದರೆ ಲೂಸ್ ಮಾಡಿ. ಆ ಕಡ್ಡಿಯನ್ನು ಪೂರ್ತಿ ಒಳಗೆ ತಿರುಗಿಸಿ, ಸರಪಳಿ ವೈರಿನ ದಿಕ್ಕಿಗೆ ಬರುವಷ್ಟು, ಅಂದರೆ ಅರ್ಧ ಸುತ್ತಿನೊಳಗೆ ಮಾತ್ರ, ಹಿಂದಕ್ಕೆ ಬಿಡಿ.

ಪಂಕ್ಚರ್ ಹಾಕಿಸಿದ ಮೇಲೆ ಗೇರ್ ಕೆಟ್ಟಿತು ಅನ್ನುವವರು ಬಹಳ ಜನ. ಇಲ್ಲಿನ ರಿಪೇರಿಯವರು ಎಷ್ಟೋ ಸಲ ಚಕ್ರ ಬಿಚ್ಚದೆ ಟ್ಯೂಬ್ ಪಕ್ಕಕ್ಕೆ ಎಳೆದು ಪ್ಯಾಚ್ ಹಾಕುವುದು ಇದಕ್ಕೇ. ನೀವೇ ಬಿಚ್ಚಿದ್ದರೆ ನಟ್ ಕೆಳಗಿನ ವಾಷರ್ ನೋಡಿ. ಅದಕ್ಕೆ ಒಂದು ಹಲ್ಲು ಇರುತ್ತದೆ, ಅದು ಫ್ರೇಮಿನ ಸೀಳಿನೊಳಗೆ ಕೂರಬೇಕು. ಎಡಗಡೆಯದು ಬೇರೆ, ಬಲಗಡೆಯದು ಬೇರೆ, ಬಣ್ಣವೂ ಬೇರೆ. ತಪ್ಪಾಗಿ ಹಾಕಿದರೆ ನೀವು ತುಳಿದಾಗ ಆಕ್ಸಲೇ ತಿರುಗಿ ಎಲ್ಲ ಹೊಂದಾಣಿಕೆ ಹೋಗುತ್ತದೆ. ಔಟರಿನ ತುದಿ ಅದರ ಗೂಡಿನಲ್ಲಿ ಪೂರ್ತಿ ಕೂತಿದೆಯೇ ಅಂತಲೂ ನೋಡಿ. ಚೈನಿನ ಬಿಗಿಯನ್ನು ಮೊದಲು ಸರಿಮಾಡಿ, ನಡುವೆ ಒತ್ತಿದರೆ ಒಂದು ಸೆಂ.ಮೀ. ಮೇಲೆ ಕೆಳಗೆ ಆಡಲಿ. ಗೇರ್ ವೈರ್ ಆಮೇಲೆ. ಸ್ಟರ್ಮಿಯಲ್ಲಿ ಚಕ್ರ ಹಿಂದೆ ಮುಂದೆ ಸರಿದರೆ ವೈರಿನ ಬಿಗಿಯೂ ಬದಲಾಗುತ್ತದೆ.

ಎಣ್ಣೆ ಮರೆಯಬೇಡಿ. ಹಳೇ ಸ್ಟರ್ಮಿ ಹಬ್ ಮೇಲೆ ಸಣ್ಣ ಮುಚ್ಚಳದ ತೂತು ಇದ್ದರೆ ಒಂದು ಟೀ ಚಮಚ 20 ಅಥವಾ 30 ನಂಬರಿನ ಮೋಟಾರ್ ಎಣ್ಣೆ ಬಿಟ್ಟು ನಾಲ್ಕೈದು ಕಿ.ಮೀ. ಓಡಿಸಿ. ಅಂಟಿಕೊಂಡ ಸಣ್ಣ ಕೊಕ್ಕೆಗಳು ಬಿಟ್ಟುಕೊಂಡು ಗೇರ್ ತಾನಾಗಿ ಸರಿಹೋದದ್ದನ್ನು ನೋಡಿದ್ದೇನೆ. ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ, ಇಲ್ಲಿನ ಚಳಿಗೆ ಗಟ್ಟಿಯಾಗುತ್ತದೆ. ನೆಕ್ಸಸ್ ಒಳಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ, ಗ್ರೀಸ್ ತೊಳೆದುಹೋಗುತ್ತದೆ. ನೆಕ್ಸಸ್‌ಗೆ ಎರಡು ವರ್ಷಕ್ಕೊಮ್ಮೆ, ತುಂಬ ಓಡಿಸುವವರಾದರೆ 5000 ಕಿ.ಮೀ.ಗೊಮ್ಮೆ, ಒಳಭಾಗ ತೆಗೆದು ಎಣ್ಣೆ ಮಾಡಿಸಬೇಕು. ಎಣ್ಣೆಯಲ್ಲೇ ಓಡುವ ಹಬ್‌ಗಳೆಂದರೆ 11 ಗೇರಿನ ಆಲ್‌ಫೀನ್ 11 ಮತ್ತು 14 ಗೇರಿನ ರೋಲೋಫ್; ಆಲ್‌ಫೀನ್ 11ಕ್ಕೆ 25 ಮಿ.ಲೀ. ಎಣ್ಣೆ ಸಾಕು. ಆಲ್‌ಫೀನ್ 11ರ ಗೆರೆ ನೋಡುವುದು 6ನೇ ಗೇರಿನಲ್ಲಿ. ರೋಲೋಫ್‌ನಲ್ಲಿ ಗೇರಿನ ಜಾಗ ಹಬ್ ಒಳಗೇ ನಿಗದಿಯಾಗಿರುವುದರಿಂದ ಈ ಗೆರೆಯ ತಾಪತ್ರಯವೇ ಇಲ್ಲ.

ಗೆರೆ ಸರಿಯಿದೆ, ವೈರ್ ಹೊಸದು, ಚೈನು ಚೆನ್ನಾಗಿದೆ, ವಾಷರ್ ತನ್ನ ಜಾಗದಲ್ಲಿದೆ, ಆದರೂ ಒಂದೇ ಗೇರಿನಲ್ಲಿ ಜಾರುತ್ತದೆ ಅಥವಾ ಮರಳು ಅರೆದಂಥ ಸದ್ದು ಬರುತ್ತದೆ ಅಂದರೆ ಆಗ ಹಬ್ ಮೇಲೆ ಅನುಮಾನ ಪಡಿ. ಆಗಲೂ ಇಡೀ ಚಕ್ರ ಬದಲಿಸಲು ಒಪ್ಪಬೇಡಿ. ನೆಕ್ಸಸ್‌ನ ಒಳಭಾಗ ಪೂರ್ತಿ ಒಂದೇ ತುಂಡಾಗಿ ಹೊರಬರುತ್ತದೆ, ಅದೇ ಮಾದರಿಯ ಇನ್ನೊಂದನ್ನು ಅದೇ ಚಿಪ್ಪಿನೊಳಗೆ ಕೂರಿಸಬಹುದು, ಸ್ಪೋಕ್ ಮುಟ್ಟಬೇಕಾಗಿಲ್ಲ. ಹಬ್ ಮೇಲೆ ಒತ್ತಿರುವ ಮಾದರಿಯ ನಂಬರ್ ಬರೆದುಕೊಂಡು ಹೋಗಿ, ಒಳಭಾಗ ಮಾತ್ರ ಬೇಕು ಅಂತ ಕೇಳಿ.