ಪುಡಿ ಒದ್ದೆಯಾದರೆ ನೀರು ಬಂತು ಅಂತಲ್ಲ: ಎಣ್ಣೆ ಬಾವಿ ಷೇರುಗಳಲ್ಲಿ ನನ್ನ ಅನುಭವ

2010ರ ಮೇ 6, ಗುರುವಾರ. ಬ್ರಿಟನ್ನಿನಲ್ಲಿ ಅವತ್ತು ಚುನಾವಣೆ. ನಾನು ಸ್ಕಾಟ್ಲೆಂಡಿನ ಅಬರ್ಡೀನ್‌ನ ನಮ್ಮ ಬಾಡಿಗೆ ಮನೆಯಲ್ಲಿ, ಅಡುಗೆಮನೆ ಟೇಬಲ್ಲಿನ ಮುಂದೆ ಕಾಫಿ ಲೋಟ ಹಿಡಿದು ಕೂತಿದ್ದೆ. ಲಂಡನ್ ಷೇರುಪೇಟೆಯ ಕಂಪನಿಗಳು ಏನಾದರೂ ಹೇಳುವುದಿದ್ದರೆ ಸಾಮಾನ್ಯವಾಗಿ ಬೆಳಿಗ್ಗೆ ಏಳಕ್ಕೆ ಪ್ರಕಟಣೆ ಬಿಡುತ್ತವೆ. ವ್ಯಾಪಾರ ಶುರುವಾಗುವುದು ಎಂಟಕ್ಕೆ. ನನ್ನಂಥ ಸಣ್ಣ ಹೂಡಿಕೆದಾರನಿಗೆ ಓದೋಕೆ ಸಿಗುವುದು ಆ ಒಂದು ಗಂಟೆ ಮಾತ್ರ.

ಅವತ್ತಿನ ಪ್ರಕಟಣೆ ರಾಕ್‌ಹಾಪರ್ ಎಕ್ಸ್‌ಪ್ಲೊರೇಶನ್ ಅನ್ನುವ ಸಣ್ಣ ಕಂಪನಿಯದು. ಪೆಂಗ್ವಿನ್‌ನ ಒಂದು ಜಾತಿಯ ಹೆಸರನ್ನೇ ಇಟ್ಟುಕೊಂಡ ಕಂಪನಿ ಅದು. ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳ ಉತ್ತರಕ್ಕೆ, ಸುಮಾರು 450 ಮೀಟರ್ ಆಳದ ಸಮುದ್ರದಲ್ಲಿ ಕೊರೆದ ಸೀ ಲಯನ್ ಬಾವಿಯಲ್ಲಿ ಎಣ್ಣೆ ಸಿಕ್ಕಿದೆ ಅಂತ ಬರೆದಿದ್ದರು. ನಾನು ಹುಡುಕಿದ್ದು 'ಎಣ್ಣೆ' ಅನ್ನುವ ಪದವನ್ನಲ್ಲ, 'ನೆಟ್ ಪೇ' ಅನ್ನುವ ಪದವನ್ನು, ಅಂದರೆ ಉಪಯೋಗಕ್ಕೆ ಬರುವ ಎಣ್ಣೆ ಪದರದ ದಪ್ಪ. ಅದೂ ಇತ್ತು: 53 ಮೀಟರ್. ನೋಟ್‌ಬುಕ್ ತೆರೆದು, ಮೂರು ವಾರದ ಹಿಂದೆ ನಾನೇ ಬರೆದಿಟ್ಟಿದ್ದ ಸಾಲನ್ನು ಓದಿದೆ: 'ನೆಟ್ ಪೇ ಅಂಕಿ ಕೊಟ್ಟರೆ, ಅರ್ಧ ಮಾರು. ಉಳಿದರ್ಧ ಫ್ಲೋ ಟೆಸ್ಟ್ ತನಕ ಇಟ್ಟುಕೋ.' ಫ್ಲೋ ಟೆಸ್ಟ್ ಅಂದರೆ ಬಾವಿಯಿಂದ ಎಣ್ಣೆ ಎಷ್ಟು ಹರಿಯುತ್ತದೆ ಅಂತ ನೋಡುವ ಪರೀಕ್ಷೆ. ಅವತ್ತು ಆ ಷೇರು ಒಂದೇ ದಿನದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ನಾನು ಬರೆದಿದ್ದ ಹಾಗೇ ಅರ್ಧ ಮಾರಿ ಆಫೀಸಿಗೆ ಹೋದೆ.

ಆ ಸಾಲು ಬರೆಯುವುದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡ ಮೇಲೆ.

ಅದಕ್ಕೂ ಒಂದು ವರ್ಷ ಮೊದಲು, ಬೇರೆ ಸಮುದ್ರದಲ್ಲಿ ಕೊರೆಯುತ್ತಿದ್ದ ಇನ್ನೊಂದು ಸಣ್ಣ ಕಂಪನಿಯ ಷೇರು ತಗೊಂಡಿದ್ದೆ. ಹೆಸರು ಬೇಡ. ಕೊರೆತದ ಮಧ್ಯೆ ಒಂದು ಪ್ರಕಟಣೆ ಬಂತು. ಹೈಡ್ರೋಕಾರ್ಬನ್ 'ಷೋ' ಕಂಡಿದೆ, ಕೊರೆತ ಮುಂದುವರಿದಿದೆ ಅಂತ. ಎಣ್ಣೆ ಸಿಕ್ಕೇಬಿಟ್ಟಿತು ಅಂದುಕೊಂಡು ಇನ್ನಷ್ಟು ಕೊಂಡೆ. ಊರಿಗೆ ಹೋಗಿ ಬರಲು ಎತ್ತಿಟ್ಟಿದ್ದ ದುಡ್ಡನ್ನೂ ಹಾಕಿದೆ. ಮೂರು ವಾರ ಬಿಟ್ಟು ಎರಡೇ ಸಾಲಿನ ಸುದ್ದಿ. ಬಾವಿಗೆ ಸಿಮೆಂಟ್ ತುಂಬಿ ಮುಚ್ಚುತ್ತಿದ್ದೇವೆ ಅಂತ. ಹಾಕಿದ್ದರಲ್ಲಿ ಮುಕ್ಕಾಲು ಭಾಗ ಹೋಯಿತು. ಆ ವರ್ಷ ನಾವು ಊರಿಗೆ ಹೋಗಲಿಲ್ಲ. ಹೆಂಡತಿ ಬೈಯಲಿಲ್ಲ. "ರೀ, ಆ ಪದದ ಅರ್ಥ ಯಾರನ್ನಾದ್ರೂ ಕೇಳಬಹುದಿತ್ತಲ್ವಾ? ಈ ಊರಲ್ಲಿ ಅರ್ಧ ಜನ ಎಣ್ಣೆ ಕೆಲಸದವರೇ" ಅಂದಳು. ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ.

ಅವಳು ಹೇಳಿದ್ದು ನಿಜ. ನಮ್ಮ ಪಕ್ಕದ ಮನೆಯವರೇ ಉತ್ತರ ಸಮುದ್ರದ ರಿಗ್‌ಗಳಲ್ಲಿ, ಅಂದರೆ ಕೊರೆಯುವ ವೇದಿಕೆಗಳಲ್ಲಿ, ಮಡ್ ಲಾಗರ್ (ಮೇಲೆ ಬರುವ ಕಲ್ಲಿನ ಚೂರು ನೋಡಿ ದಾಖಲಿಸುವವರು) ಆಗಿ ಕೆಲಸ ಮಾಡಿ ನಿವೃತ್ತರಾದವರು. ಒಂದು ಭಾನುವಾರ ಅವರನ್ನು ಕೇಳಿದೆ. ಟೀ ಕುಡಿಯುತ್ತಾ ಎರಡು ಗಂಟೆ ಹೇಳಿಕೊಟ್ಟರು.

ಕೊರೆಯುವಾಗ ಪೈಪಿನೊಳಗೆ ಕೆಸರಿನಂಥ ದ್ರವ ಬಿಡುತ್ತಾರೆ. ಅದು ತಳದಿಂದ ಕಲ್ಲಿನ ಚೂರುಗಳನ್ನು ಹೊತ್ತು ಮೇಲೆ ಬರುತ್ತದೆ. ಆ ಚೂರುಗಳನ್ನು ಜರಡಿಯಲ್ಲಿ ಹಿಡಿದು, ತೊಳೆದು, ಕತ್ತಲೆ ಪೆಟ್ಟಿಗೆಯಲ್ಲಿ ನೇರಳಾತೀತ ದೀಪದ ಕೆಳಗೆ ಇಡುತ್ತಾರೆ. ಎಣ್ಣೆ ತಾಗಿದ ಚೂರು ಹಳದಿಯಾಗಿ ಹೊಳೆಯುತ್ತದೆ. ಅದರ ಮೇಲೆ ಒಂದು ತೊಟ್ಟು ದ್ರಾವಕ ಬಿಟ್ಟರೆ ಹೊಳೆಯುವ ಬಣ್ಣ ಹಾಲಿನ ಹಾಗೆ ಹರಡಿಕೊಳ್ಳುತ್ತದೆ. ಷೋ ಅಂದರೆ ಇಷ್ಟೇ. ಆ ಕಲ್ಲಿನಲ್ಲಿ ಯಾವತ್ತೋ ಎಣ್ಣೆ ಓಡಾಡಿದೆ ಅಂತ ಅದರಿಂದ ಗೊತ್ತಾಗುತ್ತದೆ. ಈಗ ಎಷ್ಟಿದೆ, ಹೊರಗೆ ಬರುತ್ತದಾ ಅನ್ನುವುದು ಗೊತ್ತಾಗುವುದಿಲ್ಲ. "ನನ್ನ ಜೀವಮಾನದಲ್ಲಿ ಷೋ ಕಂಡ ಬಾವಿಗಳೇ ಜಾಸ್ತಿ. ಅದರಲ್ಲಿ ದುಡ್ಡಾದವು ಕೆಲವೇ" ಅಂದರು.

ಅದನ್ನು ಕೇಳುವಾಗ ನನಗೆ ನೆನಪಾದದ್ದು ಹಿರಿಯೂರಿನ ನಮ್ಮ ಹೊಲ. ಚಿಕ್ಕವನಿದ್ದಾಗ ಅಪ್ಪ ಬೋರ್ ಹಾಕಿಸುವಾಗ ರಾತ್ರಿಯೆಲ್ಲ ಲಾರಿ ಪಕ್ಕದಲ್ಲಿ ನಿಂತಿರುತ್ತಿದ್ದೆ. ಕಂಪ್ರೆಸರ್ ಸದ್ದು, ಮುಖಕ್ಕೆಲ್ಲ ಬಿಳಿ ಪುಡಿ. ಇದ್ದಕ್ಕಿದ್ದಂತೆ ಪುಡಿ ಒದ್ದೆಯಾಗಿ ಬಂದರೆ ನಾವು ಹುಡುಗರು ಕುಣಿಯುತ್ತಿದ್ದೆವು. ಅಪ್ಪ ಮಾತ್ರ ಅಲ್ಲಾಡುತ್ತಿರಲಿಲ್ಲ. "ಸುಮ್ನಿರ್ರಪ್ಪ, ಪುಡಿ ಒದ್ದೆಯಾದ್ರೆ ನೀರು ಬಂತು ಅಂತಲ್ಲ. ಎಷ್ಟು ಇಂಚು ಅಂತ ನೋಡೋಣ" ಅನ್ನುತ್ತಿದ್ದರು. ಎರಡು ಇಂಚು ಅಂದ ಮೇಲೂ ಪಂಪ್ ಇಳಿಸಿ, ಒಂದು ದಿನ ಪೂರ್ತಿ ಓಡಿಸಿ, ನೀರು ಕಡಿಮೆಯಾಗದೆ ನಿಂತರೆ ಮಾತ್ರ ಅಡಿಕೆ ಸಸಿಯ ಮಾತು. ಎಣ್ಣೆ ಬಾವಿಯ ಲೆಕ್ಕವೂ ಇದೇ ಅಂತ ಆ ಭಾನುವಾರ ಗೊತ್ತಾಯಿತು.

ಅವತ್ತಿನಿಂದ ಒಂದೊಂದು ಬಾವಿಗೆ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಕೊರೆತದ ಪ್ರತಿ ಹಂತವೂ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಮುಂದಿನ ಪ್ರಶ್ನೆಯ ಉತ್ತರಕ್ಕೆ ನಾನು ಇವತ್ತೇ ದುಡ್ಡು ಕೊಡಬಾರದು. ಈ ಒಂದು ಮಾತನ್ನು ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಂಡೆ. ಷೋ ಬಂತಾ? ಇಲ್ಲಿ ಎಣ್ಣೆ ಓಡಾಡಿದೆ, ಸರಿ. ಆಮೇಲೆ ತಂತಿಯಲ್ಲಿ ಉಪಕರಣ ಇಳಿಸಿ ಲಾಗ್, ಅಂದರೆ ಅಳತೆಯ ದಾಖಲೆ, ತೆಗೆಯುತ್ತಾರೆ. ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತದೆ, ಎಣ್ಣೆಯಲ್ಲಿ ಹರಿಯುವುದಿಲ್ಲ. ಅದನ್ನು ಅಳೆದು, ಕಲ್ಲಿನಲ್ಲಿ ಎಷ್ಟು ರಂಧ್ರ ಇದೆ ಅಂತಲೂ ನೋಡಿ, ಉಪಯೋಗಕ್ಕೆ ಬರುವ ದಪ್ಪ ಎಷ್ಟು ಅಂತ ಲೆಕ್ಕ ಹಾಕಿದರೆ ಅದು ನೆಟ್ ಪೇ. ಆಮೇಲೆ ದ್ರವದ ಮಾದರಿಯನ್ನೇ ಮೇಲೆ ತರುತ್ತಾರೆ. ಆಮೇಲೆ ಫ್ಲೋ ಟೆಸ್ಟ್, ಅಂದರೆ ದಿನಕ್ಕೆ ಎಷ್ಟು ಬ್ಯಾರೆಲ್ ಹರಿಯುತ್ತದೆ ಅಂತ. ಆಮೇಲೆ ಪಕ್ಕದಲ್ಲಿ ಇನ್ನೂ ಬಾವಿಗಳು. ಕೊನೆಯಲ್ಲಿ, ಇದನ್ನೆಲ್ಲ ಕಟ್ಟೋಕೆ ದುಡ್ಡು ಯಾರು ಕೊಡುತ್ತಾರೆ?

ಪುಟದ ಎಡಗಡೆ ಇವು. ಬಲಗಡೆ ಪ್ರತಿ ಉತ್ತರಕ್ಕೂ ನಾನು ಏನು ಮಾಡುತ್ತೇನೆ ಅಂತ, ಕೊರೆತ ಶುರುವಾಗುವ ಮೊದಲೇ, ಪೆನ್ನಿನಲ್ಲಿ. ಪೆನ್ಸಿಲ್ ಬೇಡ, ಅಳಿಸಿಬಿಡುತ್ತೇವೆ. ಫಲಿತಾಂಶ ಬಂದ ಬೆಳಿಗ್ಗೆ ಯಾರ ತಲೆಯೂ ನೆಟ್ಟಗಿರುವುದಿಲ್ಲ.

ಇನ್ನೊಂದು ಅಂಕಿಯನ್ನೂ ಬರೆದುಕೊಳ್ಳುತ್ತೇನೆ. ಈ ಬಾವಿ ಬರಿದಾದರೆ ಕಂಪನಿಯ ಕೈಯಲ್ಲಿ ಎಷ್ಟು ದುಡ್ಡು ಉಳಿಯುತ್ತದೆ? ಅರ್ಧವಾರ್ಷಿಕ ವರದಿಯಲ್ಲಿ ನಗದು ಎಷ್ಟು ಅಂತ ಇರುತ್ತದೆ, ಬಾವಿಯ ಅಂದಾಜು ಖರ್ಚನ್ನೂ ಎಲ್ಲಾದರೂ ಹೇಳಿರುತ್ತಾರೆ. ಕಳೆದು ನೋಡಿದರೆ ಸಾಕು. ಸಾಲ ಮಾಡಿ ಬೋರ್ ಹಾಕಿಸಿದವನ ಹತ್ತಿರ ಪಂಪ್‌ಗೆ ದುಡ್ಡಿರುವುದಿಲ್ಲ, ಅಲ್ವಾ? ಇಂಥ ಕಂಪನಿ ಮತ್ತೆ ಕಡಿಮೆ ಬೆಲೆಗೆ ಹೊಸ ಷೇರು ಹಂಚಿ ದುಡ್ಡು ಎತ್ತುತ್ತದೆ. ಆಗ ನಮ್ಮ ಪಾಲು ತೆಳುವಾಗುತ್ತದೆ. ನನ್ನ ಮೊದಲ ನಷ್ಟದಲ್ಲಿ ಇದೂ ಸೇರಿತ್ತು.

ಫಾಕ್‌ಲ್ಯಾಂಡ್ ಕಥೆಯನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣ ಹಳೆಯ ಬಾವಿಗಳು. 1998ರಲ್ಲಿ ಶೆಲ್ ಮತ್ತಿತರ ದೊಡ್ಡ ಕಂಪನಿಗಳು ಆ ದ್ವೀಪಗಳ ಉತ್ತರದ ಸಮುದ್ರದಲ್ಲಿ ಆರು ಬಾವಿ ಕೊರೆದಿದ್ದವು. ಐದರಲ್ಲಿ ಎಣ್ಣೆಯ ಕುರುಹು ಕಂಡಿತ್ತು. ಆಗ ಎಣ್ಣೆ ಬೆಲೆ ಬ್ಯಾರೆಲ್‌ಗೆ ಹತ್ತು ಡಾಲರ್ ಹತ್ತಿರಕ್ಕೆ ಬಿದ್ದಿತ್ತು, ಎಲ್ಲರೂ ಬಿಟ್ಟು ಹೋದರು. ಹೊಸಬರು ಬರುವ ಹೊತ್ತಿಗೆ ಬೆಲೆ ಏರಿತ್ತು.

ಮತ್ತೊಂದು ಕಾರಣ ರಿಗ್. ಓಷನ್ ಗಾರ್ಡಿಯನ್ ಅನ್ನುವ ತೇಲುವ ರಿಗ್ 2009ರ ಕೊನೆಯಲ್ಲಿ ನಮ್ಮದೇ ಸ್ಕಾಟ್ಲೆಂಡಿನ ಕ್ರೊಮಾರ್ಟಿ ಫರ್ತ್‌ನಿಂದ ಹೊರಟಿತು. ಅಲ್ಲಿ ದಡದಿಂದ ನೋಡಿದರೆ ನಿಂತ ರಿಗ್‌ಗಳು ಕಾಣುತ್ತವೆ. ನಾಲ್ಕು ಕಾಲಿನ ಕಬ್ಬಿಣದ ಊರುಗಳ ಹಾಗೆ. ಹಡಗು ಅದನ್ನು ಎಳೆದುಕೊಂಡು ಭೂಮಿಯ ಆ ತುದಿಗೆ ಹೋಗಲು ಸುಮಾರು ಮೂರು ತಿಂಗಳು ಬೇಕಾಯಿತು. 2010ರ ಫೆಬ್ರವರಿಯಲ್ಲಿ ಕೊರೆತ ಶುರು. ಅರ್ಜೆಂಟೀನಾ ಪ್ರತಿಭಟಿಸಿತು, ಆ ದ್ವೀಪಗಳಿಗೆ ಹೋಗುವ ಹಡಗುಗಳಿಗೆ ಪರವಾನಗಿ ಬೇಕು ಅಂದಿತು.

ಇಡೀ ಸಮುದ್ರಕ್ಕೆ ಒಂದೇ ರಿಗ್. ಹಲವು ಕಂಪನಿಗಳು ಸಾಲಿನಲ್ಲಿ. ಊರಿಗೆ ಒಂದೇ ಬೋರ್ ಲಾರಿ ಬಂದ ಹಾಗೆ. ಒಬ್ಬರ ಹೊಲದಲ್ಲಿ ನೀರು ಬಿದ್ದರೆ ಪಕ್ಕದವನಿಗೆ ಆಸೆ, ಫೇಲಾದರೆ ಪಕ್ಕದವನಿಗೂ ಎದೆ ಧಸಕ್. ಮೊದಲ ಬಾವಿ ಡಿಸೈರ್ ಪೆಟ್ರೋಲಿಯಂನ ಲಿಜ್. ಮಾರ್ಚ್ ಕೊನೆಗೆ ನಿರಾಸೆಯ ಫಲಿತಾಂಶ ಬಂದಾಗ ಅದರ ಷೇರು ಸುಮಾರು ಅರ್ಧಕ್ಕೆ ಇಳಿಯಿತು, ಅಕ್ಕಪಕ್ಕದವರ ಷೇರುಗಳೂ ಇಳಿದವು. ನಾನು ರಾಕ್‌ಹಾಪರ್ ಕೊಂಡದ್ದು ಅದಾದ ಮೇಲೆ. ಲಿಜ್ ಬೇರೆ ಜಾಗ, ಬೇರೆ ಪದರ. ಅದರ ಫಲಿತಾಂಶ ಸೀ ಲಯನ್‌ನ ಪ್ರಶ್ನೆಗೆ ಉತ್ತರವಲ್ಲ ಅಂತ ನನಗೆ ಅನ್ನಿಸಿತ್ತು. ಆದರೂ ಪೂರ್ತಿ ಹೋದರೆ ಮನೆ ಖರ್ಚಿಗೆ ತೊಂದರೆಯಾಗದಷ್ಟೇ ಹಾಕಿದೆ. ಹೊಸ ಜಾಗದ ಬಾವಿಗೆ ಐದರಲ್ಲೊಂದು ಅವಕಾಶ ಅಂತ ಕಂಪನಿಗಳೇ ಹೇಳಿಕೊಳ್ಳುವುದು ಮಾಮೂಲು. ಅಂದರೆ ಐದರಲ್ಲಿ ನಾಲ್ಕು ಸಲ ಸಿಮೆಂಟ್. ಅದನ್ನು ನಂಬಿಯೇ ಮೊತ್ತ ನಿರ್ಧರಿಸಬೇಕು.

ಮೇ ಆದ ಮೇಲೆ ರಿಗ್ ದಕ್ಷಿಣಕ್ಕೆ ಹೋಗಿ ಟೊರೊವಾ ಬಾವಿ ಕೊರೆಯಿತು. ಬರಿದು. ಆಗಸ್ಟ್‌ನಲ್ಲಿ ರಾಕ್‌ಹಾಪರ್‌ನದೇ ಎರಡನೇ ಬಾವಿ ಅರ್ನೆಸ್ಟ್. ಅದೂ ಬರಿದು. ಸೆಪ್ಟೆಂಬರ್‌ನಲ್ಲಿ ಸೀ ಲಯನ್‌ಗೆ ವಾಪಸ್ ಬಂದು ಫ್ಲೋ ಟೆಸ್ಟ್ ಮಾಡಿದಾಗ ದಿನಕ್ಕೆ 2,000 ಬ್ಯಾರೆಲ್‌ಗಿಂತ ಜಾಸ್ತಿ ಹರಿಯಿತು. ಬರೆದಿಟ್ಟ ಹಾಗೆ ಉಳಿದರ್ಧದಲ್ಲಿ ಬಹುಪಾಲು ಅವತ್ತು ಮಾರಿದೆ.

ಆ ಡಿಸೆಂಬರ್‌ನಲ್ಲಿ ನಾನು ಷೇರು ಇಟ್ಟಿರದ ಒಂದು ಬಾವಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿತು. ಡಿಸೈರ್‌ನ ರೇಚಲ್ ನಾರ್ತ್. ಗುರುವಾರ, ಡಿಸೆಂಬರ್ 2ರಂದು, ಆರಂಭಿಕ ಮಾಹಿತಿ ಪ್ರಕಾರ ಎಣ್ಣೆ ಇದೆ ಅಂತ ಪ್ರಕಟಣೆ. ಸೋಮವಾರ, 6ರಂದು, ದ್ರವದ ಮಾದರಿ ತೆಗೆದು ನೋಡಿದರೆ ನೀರು. ಷೇರು ಕುಸಿದು ಬಿತ್ತು. ಆ ನಾಲ್ಕು ದಿನ ನಾನು ಗುರುವಾರದ ಪ್ರಕಟಣೆಯನ್ನು ಮತ್ತೆ ಮತ್ತೆ ಓದಿದ್ದೆ. ಮಾದರಿ ಇನ್ನೂ ಮೇಲೆ ಬಂದಿರಲಿಲ್ಲ, ಆ ಪ್ರಶ್ನೆ ಇನ್ನೂ ತೆರೆದೇ ಇತ್ತು. ಗುರುವಾರ ಕೊಂಡವರಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬನಿದ್ದ. ಸೋಮವಾರ ಮಧ್ಯಾಹ್ನ ಅವನು ಊಟ ಮಾಡಲಿಲ್ಲ. ಅವನ ಮುಖ ನೋಡಿ ನನಗೆ ನನ್ನದೇ ಹಳೆಯ ದಿನ ನೆನಪಾಗಿ ತುಂಬಾ ಸಂಕಟವಾಯಿತು. ನಾನು ಗುರುವಾರವೇ ಅವನಿಗೆ ಹೇಳಬೇಕಿತ್ತು. ಈಗ ಯಾರು ಕೇಳಿದರೂ ಕೂರಿಸಿ ಹೇಳುವುದು ಅದಕ್ಕೇ.

ಸೀ ಲಯನ್ ಒಳ್ಳೆಯ ಬಾವಿಯೇ. 2011ರಲ್ಲಿ ಪಕ್ಕದಲ್ಲಿ ಕೊರೆದ ಇನ್ನೊಂದರಿಂದ ದಿನಕ್ಕೆ 9,000 ಬ್ಯಾರೆಲ್ ಹರಿಯಿತು. ಅಲ್ಲಿನ ಎಣ್ಣೆಯಲ್ಲಿ ಮೇಣದ ಅಂಶ ಜಾಸ್ತಿ, ತಣ್ಣಗಾದರೆ ಗಟ್ಟಿಯಾಗುತ್ತದೆ. ನಮ್ಮ ರಾಜಸ್ಥಾನದ ಬಾರ್ಮೇರ್‌ನ ಎಣ್ಣೆಯೂ ಇಂಥದ್ದೇ, ಅದಕ್ಕೆ ದಾರಿಯುದ್ದಕ್ಕೂ ಬಿಸಿ ಮಾಡುವ ಪೈಪ್‌ಲೈನ್ ಹಾಕಿದ್ದಾರೆ. ಅಲ್ಲಿ ಮಂಗಳಾ ಬಾವಿ ಸಿಕ್ಕಿದ್ದು 2004ರ ಜನವರಿಯಲ್ಲಿ, ಎಣ್ಣೆ ಹರಿದದ್ದು 2009ರ ಆಗಸ್ಟ್‌ನಲ್ಲಿ. ನೆಲದ ಮೇಲೇ ಐದೂವರೆ ವರ್ಷ. ಇನ್ನು ಫಾಕ್‌ಲ್ಯಾಂಡ್? 2012ರಲ್ಲಿ ಪ್ರೀಮಿಯರ್ ಆಯಿಲ್ ಅನ್ನುವ ಕಂಪನಿ ಸೀ ಲಯನ್‌ನಲ್ಲಿ 60 ಶೇಕಡಾ ಪಾಲು ತಗೊಂಡಿತು. 2014ರಲ್ಲಿ ಎಣ್ಣೆ ಬೆಲೆ ಬಿತ್ತು. ಆಮೇಲೆ ಇಸ್ರೇಲಿನ ನವಿಟಾಸ್ ಕಂಪನಿ ಬಂತು. 2010ರ ಮೇ ತಿಂಗಳಿಂದ 15 ವರ್ಷ ಕಳೆದರೂ ಅಲ್ಲಿಂದ ಒಂದು ಬ್ಯಾರೆಲ್ ಮಾರಾಟಕ್ಕೆ ಹೋಗಿರಲಿಲ್ಲ. ಆ ಮೇ ಬೆಳಿಗ್ಗೆಯ ಬಾವಿ ಸುಳ್ಳಲ್ಲ. ಅದು ಉತ್ತರ ಕೊಟ್ಟದ್ದು ಒಂದು ಪ್ರಶ್ನೆಗೆ ಮಾತ್ರ. ದುಡ್ಡು ಯಾರು ಕೊಡುತ್ತಾರೆ ಅನ್ನುವ ಕೊನೆಯ ಪ್ರಶ್ನೆಯಲ್ಲೇ ಅಷ್ಟು ವರ್ಷ ಹೋಯಿತು.

ನಾನೀಗ ಬೆಂಗಳೂರಿನಲ್ಲಿದ್ದೇನೆ. 2025ರ ಸೆಪ್ಟೆಂಬರ್‌ನಲ್ಲಿ ಆಯಿಲ್ ಇಂಡಿಯಾ ಅಂಡಮಾನ್ ಸಮುದ್ರದಲ್ಲಿ ಕೊರೆದ ಶ್ರೀ ವಿಜಯಪುರಂ-2 ಬಾವಿಯಲ್ಲಿ ಗ್ಯಾಸ್ ಸಿಕ್ಕಿದೆ ಅಂತ ಸುದ್ದಿ ಬಂತು. ದಾವಣಗೆರೆಯಿಂದ ನನ್ನ ತಂಗಿಯ ಗಂಡ ಫೋನ್ ಮಾಡಿದರು. "ಭಾವ, ತಗೊಂಡ್ಬಿಡ್ಲಾ?" ಅಂದರು. ಸಂಜೆ ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಪ್ರಕಟಣೆಯನ್ನು ಜೊತೆಯಲ್ಲೇ ಓದಿದೆವು. ಸಮುದ್ರದ ಆಳ 295 ಮೀಟರ್. ಬಾವಿಯಲ್ಲಿ 2,212ರಿಂದ 2,250 ಮೀಟರ್ ನಡುವೆ ಪರೀಕ್ಷೆ. ಮಾದರಿಯಲ್ಲಿ 87 ಶೇಕಡಾ ಮೀಥೇನ್. ಗ್ಯಾಸ್ ಬಿಟ್ಟು ಬಿಟ್ಟು ಉರಿಯಿತು ಅಂತ ಬರೆದಿದ್ದರು. ಎಷ್ಟಿದೆ ಅನ್ನುವ ಅಂಕಿಯನ್ನು ಮುಂದಿನ ತಿಂಗಳುಗಳಲ್ಲಿ ಪರಿಶೀಲಿಸುತ್ತೇವೆ ಅಂದಿದ್ದರು. ಅವರೂ ರೈತರ ಮನೆಯವರು, ನಾನು ಜಾಸ್ತಿ ಹೇಳಬೇಕಾಗಲಿಲ್ಲ.

"ಅಂದ್ರೆ ಭಾವ, ಇನ್ನೂ ಎಷ್ಟು ಇಂಚು ಅಂತ ಹೇಳಿಲ್ಲ ಅವರು" ಅಂದರು. ಅವರ ಮಗಳ ಹಳೆಯ ಸ್ಕೂಲ್ ನೋಟ್‌ಬುಕ್ ತರಿಸಿ, ಖಾಲಿ ಪುಟದ ಮಧ್ಯೆ ಒಂದು ಗೆರೆ ಎಳೆದುಕೊಂಡರು.